ಚಳಿ ಊರಲ್ಲಿ ಬ್ಯಾಸ್ ಹಿಡಿಯೋದು: ಲೂರ್ ಆಮೇಲೆ, ಮೊದಲು ನೀರಿಗೆ ಥರ್ಮಾಮೀಟರ್ ಇಳಿಸಿ

ಬೆಂಗಳೂರಿನಿಂದ ಮಿಶಿಗನ್‌ಗೆ ಬಂದು ಮೊದಲ ಚಳಿಗಾಲ ಕಳೆದಿದ್ದೀರಿ. ಏಪ್ರಿಲ್ ಬಂತು, ಬಿಸಿಲೂ ಬಂತು, ಗಾಳಕ್ಕೆ ಬ್ಯಾಸ್ ಮೀನು ಮಾತ್ರ ಬರುತ್ತಿಲ್ಲ. ಯಾವ ಲೂರ್ (ಹುಳುವಿನ ಬದಲು ಗಾಳಕ್ಕೆ ಕಟ್ಟುವ ನಕಲಿ ಮೀನು) ಕೊಳ್ಳಲಿ, ಕಯಾಕ್ (ಒಬ್ಬರು ಕೂತು ಹುಟ್ಟು ಹಾಕುವ ಸಣ್ಣ ದೋಣಿ) ತಗೊಂಡರೆ ಸರಿಹೋಗುತ್ತಾ, ಇಷ್ಟು ಚಳಿ ಇರುವ ಕಡೆ ಬ್ಯಾಸ್ ಹಿಡಿಯೋದು ಕಲಿಯೋದೇ ದಂಡವಾ ಅಂತ ಕೇಳಿದ್ದೀರಿ.

ಕಯಾಕ್ ಅಂದಿರಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಾನು ತೀರ್ಥಹಳ್ಳಿ ಕಡೆಯವನು. ಹಳ್ಳದಲ್ಲಿ ಗಾಳ ಹಾಕಿಕೊಂಡೇ ಬೆಳೆದವನು. ಬಿದಿರು ಕೋಲು, ಬೆಂಡು, ತೆಂಗಿನ ಚಿಪ್ಪಿನಲ್ಲಿ ಮಣ್ಣು ಮುಚ್ಚಿದ ಎರೆಹುಳು. ಹಾಗಾಗಿ ಡೆಟ್ರಾಯಿಟ್ ಹತ್ತಿರಕ್ಕೆ ಕೆಲಸಕ್ಕೆ ಬಂದಾಗ, ಮೀನು ಹಿಡಿಯೋದನ್ನ ನನಗೇನು ಇವರು ಹೇಳಿಕೊಡೋದು ಅನ್ನುವ ಧಿಮಾಕು ಇತ್ತು. ಗೊತ್ತಿಲ್ಲದ್ದು ಬರೀ ಲೂರ್ ವಿಷಯ ಅಂದುಕೊಂಡು ಚಳಿಗಾಲವಿಡೀ ವಿಡಿಯೋ ನೋಡಿದೆ. ಎಲ್ಲವೂ ಫ್ಲೋರಿಡಾ, ಟೆಕ್ಸಾಸ್ ಕಡೆಯವು. ಫೆಬ್ರವರಿಯಲ್ಲಿ ಟೀ ಶರ್ಟ್ ಹಾಕಿಕೊಂಡು ಸರಸರ ರೀಲ್ ಸುತ್ತುತ್ತಾ ದೊಡ್ಡ ದೊಡ್ಡ ಬ್ಯಾಸ್ ಎತ್ತುತ್ತಿದ್ದರು. ನಮ್ಮ ಕೆರೆಗಳ ಮೇಲೆ ಆಗ ಜನ ಐಸ್ ಕೊರೆದು ಕೂತಿರುತ್ತಾರೆ. ಆದರೂ ನಾನು ಆ ಜನ ಹೇಳಿದ್ದನ್ನೆಲ್ಲ ಕೊಂಡೆ. ಜೊತೆಗೆ ಹತ್ತು ಅಡಿಯ ಒಂದು ಸೆಕೆಂಡ್‌ಹ್ಯಾಂಡ್ ಕಯಾಕ್.

ಏಪ್ರಿಲ್ ಎರಡನೇ ವಾರ ಒಂದು ಶನಿವಾರ ಫೋನು 72 ಡಿಗ್ರಿ ಫ್ಯಾರನ್‌ಹೀಟ್ ತೋರಿಸಿತು. ಅಂದರೆ ಸುಮಾರು 22 ಸೆಲ್ಸಿಯಸ್. ಆರು ತಿಂಗಳಾದ ಮೇಲೆ ಬಂದ ಬಿಸಿಲು, ಮನೆಯಲ್ಲಿ ಯಾರು ಕೂರುತ್ತಾರೆ? ಕೆನ್ಸಿಂಗ್‌ಟನ್ ಪಾರ್ಕಿನ ಕೆಂಟ್ ಲೇಕ್‌ಗೆ ಹೋದೆ. ಜೀನ್ಸ್, ಹತ್ತಿಯ ಅಂಗಿ. ಲೈಫ್ ಜಾಕೆಟ್ ಇತ್ತು, ಸೀಟಿನ ಹಿಂದೆ ರಬ್ಬರ್ ಹಗ್ಗಕ್ಕೆ ಸಿಕ್ಕಿಸಿದ್ದೆ. ದಡದಿಂದ ಒಳಗೆ ಹೋಗಿ, ಮುಳುಗಿದ ಮರದ ಬುಡವೊಂದಕ್ಕೆ ಲೂರ್ ಎಸೆದೆ. ಸಿಕ್ಕಿಹಾಕಿಕೊಂಡಿತು. ಎಂಟು ಡಾಲರ್ ಲೂರ್, ಬಿಡೋಕೆ ಮನಸ್ಸಿಲ್ಲ. ಬುಡದ ಹತ್ತಿರ ಹೋಗಿ, ಪಕ್ಕಕ್ಕೆ ಬಗ್ಗಿ, ಕೈ ಹಾಕಿ ಎಳೆದೆ. ಲೂರ್ ಫಟ್ ಅಂತ ಬಿಟ್ಟುಕೊಂಡಿತು. ಕಯಾಕ್ ಮಗುಚಿತು.

ನನಗೆ ಈಜು ಬರುತ್ತೆ. ಮಳೆಗಾಲದ ತುಂಗೆಯನ್ನೂ ನೋಡಿದವನು. ಆದರೆ ಆ ನೀರಿಗೆ ಬಿದ್ದ ತಕ್ಷಣ ಉಸಿರು ನನ್ನ ಕೈಲಿರಲಿಲ್ಲ. ಬಾಯಿ ತಾನಾಗೇ ತೆರೆದು ಒಳಗೆಳೆಯಿತು, ಅರ್ಧ ಗಾಳಿ, ಅರ್ಧ ನೀರು. ಕೂಗೋಣ ಅಂದರೆ ದನಿ ಇಲ್ಲ, ಬರೀ ಏದುಸಿರು. ಜಾಕೆಟ್ ಕೈಗೆಟುಕುವಷ್ಟು ಹತ್ತಿರದಲ್ಲೇ ತೇಲುತ್ತಿತ್ತು. ಹಿಡಿದೆ. ಹಾಕಿಕೊಳ್ಳೋಕೆ ಆಗಲಿಲ್ಲ. ಬೆರಳುಗಳು ಆ ಪ್ಲಾಸ್ಟಿಕ್ ಬಕಲ್ ಒತ್ತುತ್ತಿದ್ದವು, ಒತ್ತಿದ್ದು ಗೊತ್ತೇ ಆಗುತ್ತಿರಲಿಲ್ಲ. ಸಣ್ಣ ಅಲ್ಯೂಮಿನಿಯಂ ದೋಣಿಯಲ್ಲಿದ್ದ ಒಬ್ಬ ಹಿರಿಯರು ಮತ್ತು ಅವರ ಹೆಂಡತಿ ಬಂದು ಎಳೆದುಕೊಂಡರು. ಮೊದಲ ಸಂಬಳದಲ್ಲಿ ಕೊಂಡ ರಾಡು, ರೀಲು, ಫೋನು, ಲೂರ್ ಡಬ್ಬ ಎಲ್ಲ ಕೆರೆ ಪಾಲು. ದೋಣಿಯಲ್ಲಿದ್ದ, ಮೀನು ಎಲ್ಲಿದೆ ಅಂತ ತೋರಿಸುವ ಫಿಶ್ ಫೈಂಡರ್‌ನಲ್ಲಿ ನೀರಿನ ತಾಪ ಕಾಣುತ್ತಿತ್ತು: 46 ಫ್ಯಾರನ್‌ಹೀಟ್. ಎಂಟು ಸೆಲ್ಸಿಯಸ್ಸೂ ಇಲ್ಲ.

ಈಗ ತಪ್ಪು ಯಾವುದು ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ. ಈ ಕತೆ ಕೇಳಿದವರೆಲ್ಲ ‘ಬಗ್ಗಬಾರದಿತ್ತು’ ಅಂತಾರೆ. ಬಗ್ಗಿದ್ದಲ್ಲ ತಪ್ಪು, ಕಯಾಕ್‌ನಲ್ಲಿ ಕೂತವರು ಬಗ್ಗೇ ಬಗ್ಗುತ್ತಾರೆ. ‘ಜಾಕೆಟ್ ಹಾಕಬೇಕಿತ್ತು’ ಅಂತಾರೆ. ಹೌದು, ಹಾಕಬೇಕಿತ್ತು. ಆದರೆ ಯಾಕೆ ಹಾಕಲಿಲ್ಲ? ಸೆಕೆ ಆಗುತ್ತಿತ್ತು. ಹತ್ತಿ ಬಟ್ಟೆ ಯಾಕೆ? ಬಿಸಿಲಿತ್ತು. ದಡ ಬಿಟ್ಟು ಅಷ್ಟು ದೂರ ಯಾಕೆ ಹೋದೆ? ಬಿದ್ದರೆ ಈಜಿದರಾಯ್ತು, ಹವೆ ಬೆಚ್ಚಗಿದೆಯಲ್ಲ ಅಂತ. ಎಲ್ಲಕ್ಕೂ ಕಾರಣ ಫೋನಿನಲ್ಲಿ ನೋಡಿದ ಆ 72. ಅದು ಗಾಳಿಯ ಲೆಕ್ಕ. ನಾನು ಕೂತಿದ್ದು ನೀರಿನ ಮೇಲೆ. ನಮ್ಮೂರಲ್ಲಿ ಈ ಎರಡು ಲೆಕ್ಕ ಬೇರೆ ಬೇರೆ ಇಡಬೇಕು ಅಂತ ಯಾರಿಗೂ ಅನಿಸಿರೋದೇ ಇಲ್ಲ. ಮಾಗಿ ಬೆಳಗ್ಗೆ ಹೊಳೆಗಿಳಿದರೆ ನೀರೇ ಗಾಳಿಗಿಂತ ಬೆಚ್ಚಗಿರುತ್ತೆ, ಅಲ್ವಾ? ಇಲ್ಲಿ ಐಸ್ ಕರಗಿ ಕೆಲವೇ ವಾರವಾದ ಕೆರೆ. ಗಾಳಿ ಒಂದೇ ಮಧ್ಯಾಹ್ನಕ್ಕೆ ಕಾಯುತ್ತೆ, ನೀರು ಕಾಯೋಕೆ ವಾರಗಟ್ಟಲೆ ಬೇಕು. ನೀರು ಮೈ ಬಿಸಿಯನ್ನು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಎಳೆಯುತ್ತೆ. ತಣ್ಣೀರಿಗೆ ಬಿದ್ದವರಿಗೆ ಇಲ್ಲಿ 1-10-1 ಅಂತ ಒಂದು ಲೆಕ್ಕ ಹೇಳಿಕೊಡುತ್ತಾರೆ. ಉಸಿರು ಹಿಡಿತಕ್ಕೆ ಬರೋಕೆ ಒಂದು ನಿಮಿಷ, ಕೈಕಾಲು ಹೇಳಿದ ಮಾತು ಕೇಳೋದು ಹತ್ತು ನಿಮಿಷ, ಪ್ರಜ್ಞೆ ತಪ್ಪೋಕೆ ಸುಮಾರು ಒಂದು ಗಂಟೆ. ನೀರಲ್ಲಿ ಜಾಕೆಟ್ ಹಾಕಿಕೊಳ್ತೀನಿ ಅನ್ನುವವರು ಆ ಹತ್ತು ನಿಮಿಷವನ್ನು ನಂಬಿರುತ್ತಾರೆ. ನನಗೆ ಅದರ ಕಾಲುಭಾಗವೂ ಸಿಗಲಿಲ್ಲ. ಮಿಶಿಗನ್ ಕಾನೂನಿನಲ್ಲಿ ದೊಡ್ಡವರು ಕಯಾಕ್‌ನಲ್ಲಿ ಜಾಕೆಟ್ ಇಟ್ಟುಕೊಂಡಿದ್ದರೆ ಸಾಕು, ಹಾಕಲೇಬೇಕು ಅಂತಿಲ್ಲ. ನಾನು ಕಾನೂನು ಪ್ರಕಾರ ಸರಿಯಾಗೇ ಮುಳುಗುತ್ತಿದ್ದೆ.

ಮನೆಗೆ ಒದ್ದೆ ಕೋಳಿ ಥರ ಬಂದಾಗ ನನ್ನ ಹೆಂಡತಿ ಹೇಳಿದ್ದು ಒಂದೇ ಮಾತು. “ಮೀನು ಬೇಕಿದ್ರೆ ಅಂಗಡೀಲಿ ಸಿಗುತ್ತೆ ಕಣ್ರೀ.” ಆ ವರ್ಷ ಮತ್ತೆ ರಾಡ್ ಕೊಳ್ಳೋ ಮಾತೇ ಎತ್ತಲಿಲ್ಲ.

ತಮಾಷೆ ಏನು ಅಂದ್ರೆ, ಅವತ್ತು ಒಂದು ಬ್ಯಾಸೂ ಕಚ್ಚದಿದ್ದಕ್ಕೂ ಕಾರಣ ಅದೇ 46. ಮೀನಿನ ಮೈಗೆ ಸ್ವಂತ ಬಿಸಿ ಇಲ್ಲ. ನೀರು ಎಷ್ಟೋ ಅದೂ ಅಷ್ಟೇ. 50 ಫ್ಯಾರನ್‌ಹೀಟ್‌ಗಿಂತ ಕೆಳಗೆ ಅದಕ್ಕೆ ಹಸಿವು ಕಡಿಮೆ, ಅಟ್ಟಿಸಿಕೊಂಡು ಹೋಗುವ ಉತ್ಸಾಹ ಇನ್ನೂ ಕಡಿಮೆ. ನಾನೋ ಫ್ಲೋರಿಡಾದವರ ಹಾಗೆ ಸರಸರ ಎಳೆಯುತ್ತಿದ್ದೆ. ಅಲ್ಲಿ ಬ್ಯಾಸ್ ಜನವರಿ, ಫೆಬ್ರವರಿಗೇ ಮೊಟ್ಟೆ ಇಡೋಕೆ ದಡಕ್ಕೆ ಬರುತ್ತವೆ. ಇಲ್ಲಿ ಅದು ಮೇ ಮಧ್ಯದಿಂದ ಜೂನ್. ಅವರ ವಿಡಿಯೋ ನೋಡುವಾಗ ಮೂರ್ನಾಲ್ಕು ತಿಂಗಳು ಕೂಡಿಸಿಕೊಳ್ಳಿ, ಇಲ್ಲದಿದ್ದರೆ ನೋಡಲೇಬೇಡಿ.

ಮರುವರ್ಷ ಹೆಂಡತಿಯ ಶರತ್ತು: ದಡದಿಂದ ಮಾತ್ರ. ಅದೇ ಒಳ್ಳೆಯದಾಯಿತು. ಅಡುಗೆಮನೆಯ ಹಳೇ ಥರ್ಮಾಮೀಟರಿಗೆ ದಾರ, ಜೊತೆಗೆ ಒಂದು ನಟ್ಟು ಕಟ್ಟಿಕೊಂಡು ಕೆರೆ ಸುತ್ತಿದೆ. ಎರಡು ಮೂರು ಅಡಿ ಆಳಕ್ಕೆ ಇಳಿಸಿ ಸ್ವಲ್ಪ ಹೊತ್ತು ಬಿಡೋದು, ಎತ್ತಿ ನೋಡೋದು. ದಾರಿಹೋಕರು ಇವನೇನು ಕೆರೆಗೆ ಜ್ವರ ನೋಡ್ತಿದ್ದಾನಾ ಅನ್ನುವ ಹಾಗೆ ನೋಡಿದರು. ಒಂದೇ ಕೆರೆ, ಒಂದೇ ಮಧ್ಯಾಹ್ನ. ದೋಣಿ ಇಳಿಸುವ ಕಡೆ 47. ಉತ್ತರ ದಡದ ಒಂದು ಸಣ್ಣ ಕೊಲ್ಲಿಯಲ್ಲಿ 54. ವಸಂತದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಅದಕ್ಕೇ ಉತ್ತರ ದಡಕ್ಕೆ ಬಿಸಿಲು ನೇರ ಬೀಳುತ್ತೆ. ಹಿಂದಿರುವ ಮರಗಳು ಬಡಗಣ ಗಾಳಿ ತಡೆಯುತ್ತವೆ. ತಳದಲ್ಲಿ ಕಪ್ಪು ಕೆಸರಿದ್ದರೆ ಅದು ಬಿಸಿಲು ಹೀರಿ ನೀರನ್ನು ಕಾಯಿಸುತ್ತೆ. ಎರಡು ದಿನ ಒಂದೇ ಕಡೆ ಬೆಚ್ಚನೆ ಗಾಳಿ ಬೀಸಿದ್ದರೆ ಮೇಲಿನ ಬಿಸಿನೀರೆಲ್ಲ ಎದುರು ದಡಕ್ಕೆ ತಳ್ಳಿಕೊಂಡು ಹೋಗಿರುತ್ತೆ, ಅಲ್ಲೂ ನೋಡಿ.

ಆ ಕೊಲ್ಲಿಯಲ್ಲಿ ಒಂದು ಜರ್ಕ್‌ಬೇಟ್ ಎಸೆದೆ. ಮುಳುಗದೆ ತೇಲದೆ ನೀರಿನ ಮಧ್ಯೆ ನಿಲ್ಲುವ ಜಾತಿಯದು. ಎರಡು ಸಲ ಜಗ್ಗಿ ಬಿಟ್ಟುಬಿಡಬೇಕು. ಎಷ್ಟು ಹೊತ್ತು? ನಿಮಗೆ ಬೇಜಾರಾಗಿ, ಅದಾದ ಮೇಲೂ ಸ್ವಲ್ಪ ಹೊತ್ತು. ಆ ಕಚ್ಚನ್ನು ನಿಮಗೆ ವಿವರಿಸಲೇಬೇಕು, ಯಾಕಂದ್ರೆ ನಾವು ಬೆಂಡು ಗಬಕ್ಕನೆ ಮುಳುಗೋದನ್ನ ನೋಡಿ ಬೆಳೆದವರು. ಇಲ್ಲಿ ಹಾಗೇನೂ ಆಗೋದಿಲ್ಲ. ನೀರ ಮೇಲೆ ಸಡಿಲವಾಗಿ ಬಿದ್ದಿದ್ದ ಲೈನು ಮೆಲ್ಲಗೆ ಒಂದು ಗೇಣು ಪಕ್ಕಕ್ಕೆ ಸರಿಯಿತು. ಅಷ್ಟೇ. ಕೈಗೆ ಏನೂ ತಾಗಲಿಲ್ಲ. ರಾಡ್ ಎತ್ತಿದಾಗ ಆ ಕಡೆ ಭಾರ. ಕೆಳದುಟಿಗೆ ಹೆಬ್ಬೆರಳು ಹಾಕಿ ಹಿಡಿದಾಗ ಸಣ್ಣ ಹಲ್ಲುಗಳು ಅರದ ಥರ ಉಜ್ಜಿ ಚರ್ಮ ಸುಲಿದವು. ಎರಡು ದಿನ ಉಪ್ಪಿನಕಾಯಿ ತಾಗಿದಾಗಲೆಲ್ಲ ಉರಿ.

ಇನ್ನು ‘ಚಳಿ ಊರಲ್ಲಿ ಬ್ಯಾಸ್ ದಂಡವಾ’ ಅನ್ನೋದು. ಈ ಮಾತೇ ಉಲ್ಟಾ. ಸ್ಮಾಲ್‌ಮೌತ್ ಬ್ಯಾಸ್ ತಂಪು ನೀರಿನ ಮೀನು, ಈ ಗ್ರೇಟ್ ಲೇಕ್ಸ್ ಸೀಮೆಯೇ ಅದರ ತವರು. ದಕ್ಷಿಣದವರು ಇದಕ್ಕಾಗಿ ವಿಮಾನ ಹತ್ತಿ ಇಲ್ಲಿಗೆ ಬರ್ತಾರೆ. ನಿಮ್ಮ ಮನೆಯಿಂದ ಸ್ವಲ್ಪ ದೂರದ ಲೇಕ್ ಸೇಂಟ್ ಕ್ಲೇರ್ ಪ್ರಪಂಚದ ಹೆಸರಾಂತ ಸ್ಮಾಲ್‌ಮೌತ್ ಕೆರೆಗಳಲ್ಲಿ ಒಂದು. ಸರಾಸರಿ ಆಳ ಬರೀ 11 ಅಡಿ. 1988ರಲ್ಲಿ ಅಲ್ಲಿ ಝೀಬ್ರಾ ಮಸೆಲ್ ಅನ್ನೋ ಹೊರಗಿನ ಚಿಪ್ಪುಜೀವಿ ಕಂಡಿತು. ಅದು ನೀರನ್ನು ಸೋಸಿ ತಿಳಿಯಾಗಿಸಿತು. ಬೆನ್ನಿಗೇ ಗೋಬಿ ಅನ್ನೋ ಸಣ್ಣ ಮೀನು ಬಂತು. ಎರಡೂ ಹಡಗುಗಳ ಹೊಟ್ಟೆಯಲ್ಲಿ ಬಂದ ಪಿಡುಗುಗಳೇ, ಬೇರೆ ಜೀವಿಗಳಿಗೆ ಮಾಡಿದ ಹಾನಿ ಕಮ್ಮಿಯಲ್ಲ. ಆದರೆ ಸ್ಮಾಲ್‌ಮೌತ್‌ಗಳು ಗೋಬಿ ತಿಂದು ಕೊಬ್ಬಿದವು. ಅಲ್ಲಿನ ಜನ ಟ್ಯೂಬ್ ಅನ್ನೋ ಮೆದು ಕೊಳವೆಯಂಥ ಲೂರ್ ಅನ್ನು ತಳದಲ್ಲೇ ಎಳೆಯೋದು ಅದಕ್ಕೇ, ಅದು ಗೋಬಿಯಂತೆ ಕಾಣುತ್ತೆ. ಆದರೆ ಆ ಕೆರೆಗೆ ಕಯಾಕ್ ತಗೊಂಡು ಹೋಗಬೇಡಿ. ಆಳ ಕಡಿಮೆ ಇರೋದರಿಂದ ಗಾಳಿ ಎದ್ದರೆ ನೋಡನೋಡುತ್ತಲೇ ಅಲೆ ಏಳುತ್ತೆ.

ನೀವು ಏಪ್ರಿಲ್ ಏಪ್ರಿಲ್ ಅಂತ ಒದ್ದಾಡುತ್ತಿದ್ದೀರಿ. ನನ್ನ ಕೇಳಿದ್ರೆ ನಿಮ್ಮ ಕಾಲ ಸೆಪ್ಟೆಂಬರ್ ಮತ್ತು ಅಕ್ಟೋಬರ್. ನೀರು 60ರ ಆಸುಪಾಸಿಗೆ ಇಳಿಯುವಾಗ ಮೀನು ಚಳಿಗಾಲಕ್ಕೆ ಹೊಟ್ಟೆ ತುಂಬಿಸಿಕೊಳ್ಳೋ ಆತುರದಲ್ಲಿರುತ್ತೆ. ಮಿಶಿಗನ್‌ನ ಸ್ಮಾಲ್‌ಮೌತ್ ದಾಖಲೆ 9.98 ಪೌಂಡ್. ಸಿಕ್ಕಿದ್ದು 2016ರ ಸೆಪ್ಟೆಂಬರ್‌ನಲ್ಲಿ, ಉತ್ತರದ ಇಂಡಿಯನ್ ರಿವರ್‌ನಲ್ಲಿ. ಬೇಸಿಗೆ ದೋಣಿಗಳೆಲ್ಲ ಆಗ ಮನೆ ಸೇರಿರುತ್ತವೆ, ದಡ ಖಾಲಿ.

ಜಗಳ ಬರೋ ವಿಷಯ ಒಂದಿದೆ. ಮೇ ಕೊನೆಗೆ ನೀರು 60 ದಾಟಿದಾಗ ದಡದ ಹತ್ತಿರವೇ ತಟ್ಟೆಯಗಲದ ಬೆಳ್ಳನೆ ಗುಂಡಿಗಳು ಕಾಣುತ್ತವೆ. ಗಂಡು ಬ್ಯಾಸ್ ಬಾಲದಿಂದ ಕೆಸರು ಗುಡಿಸಿ ಮಾಡಿದ ಗೂಡು. ನಮ್ಮ ಕೊರವ ಮೀನು ಮರಿ ಕಾಯುತ್ತಲ್ಲ, ಇದೂ ಹಾಗೇ ಕಾವಲು ನಿಲ್ಲುತ್ತೆ. ಎದುರು ಏನು ಬಿದ್ದರೂ ಕಚ್ಚುತ್ತೆ. ಹಿಡಿದು ತಕ್ಷಣ ಬಿಡೋದು ಇಲ್ಲಿ ವರ್ಷವಿಡೀ ಕಾನೂನುಬದ್ಧ. ಆದರೂ ಹಿಡಿಯಬೇಡಿ. ಅದನ್ನು ನೀವು ಎತ್ತಿ ಫೋಟೋ ತೆಗೆಯುವಷ್ಟರಲ್ಲಿ ಬ್ಲೂಗಿಲ್ ಅನ್ನೋ ಸಣ್ಣ ಮೀನುಗಳು ನುಗ್ಗಿ ಮೊಟ್ಟೆ ಖಾಲಿ ಮಾಡುತ್ತವೆ. ಈ ಚಳಿಯಲ್ಲಿ ಒಂದು ಬ್ಯಾಸ್ 14 ಇಂಚು ಬೆಳೆಯೋಕೆ ಐದಾರು ವರ್ಷ ಬೇಕು.

ಆ 14 ಇಂಚೇ ಮನೆಗೆ ಒಯ್ಯಲು ಇರುವ ಕನಿಷ್ಠ ಅಳತೆ. ನಾನು ಒಯ್ಯೋದಿಲ್ಲ. ಅಪ್ಪ ಫೋನಿನಲ್ಲಿ, “ಹಿಡಿದು ಬಿಡೋಕೆ ಅಷ್ಟು ದೂರ ಹೋಗಿದ್ಯೇನೋ?” ಅಂತ ನಕ್ಕರು. ತಿನ್ನೋಕಾದರೆ ಬ್ಲೂಗಿಲ್ ಹಿಡಿಯಿರಿ. ಎರೆಹುಳು, ಬೆಂಡು, ನಮ್ಮ ವಿದ್ಯೆಯೇ ಸಾಕು. ರವೆ ಹಚ್ಚಿ ಹುರಿದರೆ ಬ್ಯಾಸ್‌ಗಿಂತ ರುಚಿ. ಕೆಂಟ್ ಲೇಕ್ ಮತ್ತು ಹ್ಯೂರಾನ್ ನದಿಯ ಮೀನು ಮಾತ್ರ ಸುಮ್ನೆ ತಿನ್ನಬೇಡಿ. ಪಿಎಫ್‌ಎಎಸ್ ಅನ್ನೋ ರಾಸಾಯನಿಕ ಸಿಕ್ಕಿದ್ದರಿಂದ 2018ರಲ್ಲಿ ರಾಜ್ಯದವರು ಅಲ್ಲಿನ ಮೀನು ತಿನ್ನಬಾರದು ಅಂದಿದ್ದರು. ಯಾವ ಕೆರೆಯ ಯಾವ ಮೀನು ಎಷ್ಟು ತಿನ್ನಬಹುದು ಅಂತ ಆರೋಗ್ಯ ಇಲಾಖೆಯ ಪಟ್ಟಿ ಇದೆ, ಹೋಗುವ ಮುಂಚೆ ಈಗಿನದನ್ನು ನೋಡಿಕೊಳ್ಳಿ.

ಲೂರ್ ಹೆಸರು ಹೇಳಲೇಬೇಕು ಅಂದ್ರೆ ಒಂದು ಜರ್ಕ್‌ಬೇಟ್, ಒಂದು ಪ್ಯಾಕೆಟ್ ಟ್ಯೂಬ್. ಉಳಿದ ದುಡ್ಡಲ್ಲಿ ಥರ್ಮಾಮೀಟರ್ ತಗೊಳ್ಳಿ. ಕಯಾಕ್ ಈ ವರ್ಷ ಬೇಡ. ಬೇಕೇ ಬೇಕು ಅಂದ್ರೆ ಜುಲೈನಲ್ಲಿ ಬಾಡಿಗೆಗೆ ತಗೊಂಡು ನೋಡಿ, ಜಾಕೆಟ್ ದಡದಲ್ಲೇ ಹಾಕಿ ಬಕಲ್ ಬಿಗಿದುಕೊಂಡು ಹತ್ತಿ. ಲೈಸೆನ್ಸ್ 17 ತುಂಬಿದ ಎಲ್ಲರಿಗೂ ಬೇಕು. ಸುಮ್ನೆ ದಡದಲ್ಲಿ ನಿಂತು ಗಾಳ ಹಾಕಿ ಬಿಟ್ಟುಬಿಡ್ತೀನಿ ಅಂದರೂ ಬೇಕು. ನೀವು ಏಪ್ರಿಲ್‌ನಿಂದಲೇ ಹೋಗ್ತಿದ್ದೀನಿ ಅಂದಿರಿ, ಲೈಸೆನ್ಸ್ ಮಾಡಿಸಿದ್ದೀರಿ ತಾನೆ?