ತೋಟದ ಮನೆಗೆ ನೆಟ್‌ವರ್ಕ್: ಮೊದಲು ಅಳೆಯಿರಿ, ಆಮೇಲೆ ಖರ್ಚು ಮಾಡಿ

ಪ್ರಶ್ನೆ: ನಮ್ಮದು ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರ ತಾಲ್ಲೂಕಿನಲ್ಲಿ ಕಣಿವೆಯೊಳಗಿನ ಮನೆ. ಮುಂದೆ ಅಡಿಕೆ ತೋಟ, ಹಿಂದೆ ಬೆಟ್ಟ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗ ತಿಂಗಳಿಗೆ ಒಂದು ವಾರ ಇಲ್ಲಿಂದಲೇ ಕೆಲಸ ಮಾಡಲು ಕಂಪನಿ ಒಪ್ಪಿದೆ. ಆದರೆ ಮೀಟಿಂಗಿನಲ್ಲಿ ಅವನಿಗೆ ಎಲ್ಲರ ಮಾತು ಕೇಳಿದರೂ ಅವನ ಮಾತು ಅವರಿಗೆ ತುಂಡು ತುಂಡಾಗಿ ಕೇಳುತ್ತದೆಯಂತೆ. ಫೋನಿನಲ್ಲಿ ಎರಡು ಮೂರು ಕಡ್ಡಿ ಸಿಗ್ನಲ್ ಇರುತ್ತದೆ. ಸಂಜೆ ಏಳರ ನಂತರ ವಾಟ್ಸ್‌ಆ್ಯಪ್ ಫೋಟೊ ಸಹ ತೆರೆಯುವುದಿಲ್ಲ, ಮಳೆಗಾಲದಲ್ಲಂತೂ ಕೇಳುವುದೇ ಬೇಡ. 5ಜಿ ಫೋನ್ ಕೊಂಡರೆ ಸರಿಹೋದೀತೇ? ಬೂಸ್ಟರ್ ಹಾಕಿಸಬಹುದೇ?
– ಅಡಿಕೆ ಬೆಳೆಗಾರರೊಬ್ಬರು

ಉತ್ತರ: ಫೋನ್ ಬದಲಿಸುವ ಯೋಚನೆಯನ್ನು ಸದ್ಯಕ್ಕೆ ಬದಿಗಿಡಿ. ನೀವು ಬರೆದಿರುವುದರಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ, ಒಂದಕ್ಕೆ ಮಾಡಿದ ಉಪಾಯ ಇನ್ನೊಂದಕ್ಕೆ ಒದಗುವುದಿಲ್ಲ. ಮಗನ ಮಾತು ತುಂಡಾಗುವುದು ಬಹುಮಟ್ಟಿಗೆ ಸಿಗ್ನಲ್ ಸಾಲದ್ದರಿಂದ. ಸಂಜೆ ಫೋಟೊ ತೆರೆಯದಿರುವುದು ಟವರಿನ ಮೇಲೆ ಒಮ್ಮೆಲೇ ಬೀಳುವ ದಟ್ಟಣೆಯಿಂದ.

ಮೊದಲನೆಯದನ್ನು ನೋಡೋಣ. ಟವರು ಹತ್ತಾರು ವಾಟ್ ಶಕ್ತಿಯಲ್ಲಿ ಪ್ರಸಾರ ಮಾಡುತ್ತದೆ, ಆದರೆ 4ಜಿ ಫೋನಿಗೆ ಇರುವ ಮಿತಿ ಸುಮಾರು 0.2 ವಾಟ್ ಮಾತ್ರ. ಹಾಗಾಗಿ ಬೆಟ್ಟದ ಮರೆಯಲ್ಲಿರುವ ಮನೆಗೆ ಟವರಿನ ಮಾತು ಹೇಗೋ ಬಂದು ತಲುಪಿದರೂ ಫೋನಿನ ಮಾತು ಟವರಿಗೆ ತಲುಪುವಷ್ಟು ಬಲ ಉಳಿದಿರುವುದಿಲ್ಲ. ಮಗನಿಗೆ ಎಲ್ಲರೂ ಕೇಳಿಸಿ, ಅವನು ಮಾತ್ರ ಯಾರಿಗೂ ಸರಿಯಾಗಿ ಕೇಳಿಸದಿರುವುದಕ್ಕೆ ಇದೇ ಕಾರಣ. ಕಡ್ಡಿಗಳನ್ನು ನಂಬಬೇಡಿ, ಎಷ್ಟು ಸಿಗ್ನಲ್ಲಿಗೆ ಎಷ್ಟು ಕಡ್ಡಿ ತೋರಿಸಬೇಕೆಂಬುದನ್ನು ಒಂದೊಂದು ಫೋನ್ ಕಂಪನಿ ತನಗೆ ಬೇಕಾದಂತೆ ನಿರ್ಧರಿಸುತ್ತದೆ. ಬಹುತೇಕ ಆಂಡ್ರಾಯ್ಡ್ ಫೋನುಗಳ ಸೆಟ್ಟಿಂಗ್ಸ್‌ನಲ್ಲಿ ‘ಅಬೌಟ್ ಫೋನ್’ ಎಂಬಲ್ಲಿ ಸಿಮ್ ಸ್ಟೇಟಸ್ ತೆರೆದರೆ ಸಿಗ್ನಲ್ಲಿನ ನಿಜವಾದ ಅಳತೆ ಡಿಬಿಎಂ ಲೆಕ್ಕದಲ್ಲಿ, ಮೈನಸ್ ಚಿಹ್ನೆಯೊಂದಿಗೆ ಸಿಗುತ್ತದೆ. ಮೈನಸ್ 90ರ ಆಸುಪಾಸಿನಲ್ಲಿದ್ದರೆ ಚೆನ್ನಾಗಿದೆ ಎಂದರ್ಥ. ಮೈನಸ್ 110 ಎಂದರೆ ದುರ್ಬಲ. ಮೈನಸ್ 120ರ ಹತ್ತಿರ ಹೋದರೆ ಸಂಪರ್ಕ ಇದ್ದೂ ಇಲ್ಲದಂತೆ. ಮೈನಸ್ 90ಕ್ಕೂ ಮೈನಸ್ 110ಕ್ಕೂ ಕಣ್ಣಿಗೆ ಕಾಣುವ ವ್ಯತ್ಯಾಸ 20 ಅಷ್ಟೇ, ಆದರೆ ಶಕ್ತಿಯ ಲೆಕ್ಕದಲ್ಲಿ ಅದು 100 ಪಟ್ಟು.

ಒಂದು ಬೆಳಗ್ಗೆ ಫೋನು ಮತ್ತು ಪುಸ್ತಕ ಹಿಡಿದು ಜಗಲಿ, ಅಟ್ಟ, ಅಂಗಳದ ತುದಿ, ಕೊಟ್ಟಿಗೆಯ ಪಕ್ಕ, ಹೀಗೆ ಮನೆಯ ಸುತ್ತ ಹತ್ತು ಕಡೆ ಅರ್ಧ ಅರ್ಧ ನಿಮಿಷ ನಿಂತು ಅಳತೆ ಬರೆದುಕೊಳ್ಳಿ. ತಗಡಿನ ಶೀಟಿನ ಕೆಳಗೆ ಅಳೆಯಬೇಡಿ, ಲೋಹದ ಮಾಡು ಸಿಗ್ನಲ್ಲನ್ನು ತಡೆಯುತ್ತದೆ. ಒಂದೇ ಮನೆಯ ಎರಡು ಮೂಲೆಗಳ ನಡುವೆ 15 ಡಿಬಿಯಷ್ಟು ವ್ಯತ್ಯಾಸ ಕಾಣುವುದು ಅಪರೂಪವೇನಲ್ಲ. ಅತ್ಯುತ್ತಮ ಜಾಗದಲ್ಲಿ ಹಳೆಯ ಫೋನೊಂದನ್ನು ಚಾರ್ಜರಿಗೆ ಹಾಕಿ, ಹಾಟ್‌ಸ್ಪಾಟ್ ಮಾಡಿ ಇಟ್ಟರೆ, ಮಗ ಕೋಣೆಯಲ್ಲಿ ಕುಳಿತು ವೈಫೈ ಮೂಲಕ ಅದನ್ನು ಬಳಸಬಹುದು. ಎಷ್ಟೋ ಮನೆಗಳಿಗೆ ಇಷ್ಟೇ ಸಾಕಾಗುತ್ತದೆ, ಖರ್ಚೂ ಇಲ್ಲ.

ಅದು ಸಾಲದಿದ್ದರೆ ಮುಂದಿನ ಹೆಜ್ಜೆ, ಸಿಮ್ ಹಾಕುವ 4ಜಿ ರೂಟರ್ ಮತ್ತು ಹೊರಗಡೆ ಕಂಬಕ್ಕೆ ಕಟ್ಟುವ, ಒಂದೇ ದಿಕ್ಕಿಗೆ ಮುಖ ಮಾಡುವ ಆ್ಯಂಟೆನಾ. ಹೊರಗಿನ ಆ್ಯಂಟೆನಾ ಜೋಡಿಸಲು ಎರಡು ಸಾಕೆಟ್ ಇರುವ ರೂಟರನ್ನೇ ಕೊಳ್ಳಿ. ಟಿವಿ ಡಿಶ್‌ಗೆ ಬಳಸುವ ಕೇಬಲ್ 75 ಓಮ್‌ನದ್ದು, ಇದಕ್ಕೆ ಬೇಕಾದದ್ದು 50 ಓಮ್‌ನ ಕೇಬಲ್. ಅದೂ ಎಷ್ಟು ಗಿಡ್ಡವಿದ್ದರೆ ಅಷ್ಟು ಒಳ್ಳೆಯದು, ಏಕೆಂದರೆ ಆ್ಯಂಟೆನಾ ಹಿಡಿದು ತಂದ ಸಿಗ್ನಲ್ಲನ್ನು ಉದ್ದದ ಕೇಬಲ್ ದಾರಿಯಲ್ಲೇ ನುಂಗಿಬಿಡುತ್ತದೆ. ಆ್ಯಂಟೆನಾವನ್ನು ಟವರು ಇರುವ ದಿಕ್ಕಿಗೇ ತಿರುಗಿಸಬೇಕೆಂದು ಹಟ ಮಾಡಬೇಡಿ. ಕಣಿವೆಯಲ್ಲಿ ಎದುರು ಗುಡ್ಡಕ್ಕೆ ತಾಗಿ ಮರಳುವ ಸಿಗ್ನಲ್ ನೇರವಾಗಿ ಬರುವುದಕ್ಕಿಂತ ಚೆನ್ನಾಗಿರುವುದುಂಟು; ನಿಧಾನವಾಗಿ ಸುತ್ತಲೂ ತಿರುಗಿಸುತ್ತ ಅಳತೆ ನೋಡಿ ನಿಲ್ಲಿಸಿ. ಕಂಬಕ್ಕೆ ಅರ್ಥಿಂಗ್ ಮಾಡಿಸಲೇಬೇಕು, ಏಪ್ರಿಲ್–ಮೇ ತಿಂಗಳ ಗುಡುಗು ಶುರುವಾಗುವ ಮೊದಲೇ ಕೇಬಲ್ ಬಿಚ್ಚಿಡಬೇಕು. ಮಲೆನಾಡಿನ ಸಿಡಿಲು ಗೊತ್ತಿರುವವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಬೂಸ್ಟರ್ ಮಾತ್ರ ಖಂಡಿತ ಬೇಡ. ಪರವಾನಗಿಯಿಲ್ಲದೆ ಸಿಗ್ನಲ್ ಬೂಸ್ಟರ್ ಅಥವಾ ರಿಪೀಟರ್ ಹಾಕುವುದು ನಮ್ಮ ದೇಶದಲ್ಲಿ ಕಾನೂನುಬಾಹಿರ. ಅದು ಸಿಗ್ನಲ್ ಜೊತೆಗೆ ಬೇಡದ ರೇಡಿಯೊ ಗದ್ದಲವನ್ನೂ ಹಿಗ್ಗಿಸಿ ಟವರಿನ ಕಡೆಗೆ ಕಳಿಸುವುದರಿಂದ ನಿಮ್ಮ ಮನೆಗೆ ಒಳ್ಳೆಯದಾದಂತೆ ಕಂಡರೂ ಸುತ್ತಲಿನ ಮನೆಗಳ ಸಂಪರ್ಕ ಕೆಡುತ್ತದೆ.

5ಜಿ ಬಗ್ಗೆ ಕೇಳಿದ್ದೀರಿ. ಭಾರಿ ವೇಗ ಕೊಡುವ 5ಜಿ ಓಡುವುದು 3300 ಮೆಗಾಹರ್ಟ್ಸ್ ಆಸುಪಾಸಿನ ತರಂಗಗಳಲ್ಲಿ. ಅವು ದೂರ ಹೋಗುವುದಿಲ್ಲ, ಗುಡ್ಡ ಮರಗಳನ್ನು ದಾಟುವುದರಲ್ಲಿ ತೀರ ಹಿಂದೆ. ನಿಮಗೆ ಬೇಕಾದದ್ದು ಕೆಳಗಿನ ತರಂಗಗಳು: ಬಿಎಸ್‌ಎನ್‌ಎಲ್‌ನ ಹೊಸ 4ಜಿ ಬಳಸುವ 700, ಜಿಯೋ 4ಜಿಯ 850. ಹೊಸ ಫೋನ್ ಕೊಳ್ಳುವುದೇ ಆದರೆ ಅದು ಬ್ಯಾಂಡ್ 28 (ಅಂದರೆ ಆ 700) ಮತ್ತು ಬ್ಯಾಂಡ್ 5 (ಆ 850) ಎರಡನ್ನೂ ಹಿಡಿಯುತ್ತದೆಯೇ ಎಂದು ಅಂಗಡಿಯಲ್ಲಿ ಕೇಳಿ; ಈ ಎರಡು ಅಂಕಿಗಳು ನಿಮ್ಮ ಮನೆಗೆ 5ಜಿ ಎಂಬ ಹೆಸರಿಗಿಂತ ಮುಖ್ಯ.

ಇನ್ನು ಮಳೆ. ಈ ತರಂಗಗಳಿಗೆ ಮಳೆಹನಿ ಅಡ್ಡಿಯೇ ಅಲ್ಲ. ಅಡ್ಡಿಯಾಗುವುದು ನೀರು ಕುಡಿದ ಎಲೆಗಳ ಗೋಡೆ, ಕರೆಂಟು ಹೋಗಿ ಬ್ಯಾಟರಿ ಮುಗಿದ ಟವರು, ಮತ್ತು ಟವರಿನಿಂದ ಟವರಿಗೆ ಹೋಗುವ ಮೈಕ್ರೋವೇವ್ ಕೊಂಡಿ. ಆ ಕೊಂಡಿ ಬಳಸುವ ಬಹು ಎತ್ತರದ ತರಂಗಗಳನ್ನು ಮಾತ್ರ ಜಡಿಮಳೆ ನಿಜಕ್ಕೂ ಕೆಡಿಸುತ್ತದೆ. ಇದರಲ್ಲಿ ನಿಮ್ಮ ಕೈಯಲ್ಲಿರುವುದು ಒಂದೇ, ಆ್ಯಂಟೆನಾ ಎದುರಿನ ಕೊಂಬೆಗಳನ್ನು ಮೇ ತಿಂಗಳಲ್ಲೇ ಸವರುವುದು.

ಸಂಜೆಯ ತೊಂದರೆಗೆ ಪರೀಕ್ಷೆ ಸುಲಭ. ಒಂದೇ ಜಾಗದಲ್ಲಿ ಬೆಳಗ್ಗೆ ಆರಕ್ಕೆ ಮತ್ತು ರಾತ್ರಿ ಎಂಟಕ್ಕೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ ಮೈಸ್ಪೀಡ್ ಆ್ಯಪ್‌ನಿಂದ ವೇಗ ಅಳೆಯಿರಿ, ಜೊತೆಗೆ ಡಿಬಿಎಂ ಬರೆದುಕೊಳ್ಳಿ. ಡಿಬಿಎಂ ಹಾಗೇ ಇದ್ದು ವೇಗ ಮಾತ್ರ ಕುಸಿದಿದ್ದರೆ ಟವರು ತುಂಬಿದೆ ಎಂದು ತಿಳಿಯಿರಿ. ಯಾವ ಆ್ಯಂಟೆನಾವೂ ಆಗ ನೆರವಿಗೆ ಬರುವುದಿಲ್ಲ. ಬೇರೆ ಕಂಪನಿಯ ಸಿಮ್ಮನ್ನು ಎರಡನೆಯ ಸಿಮ್ ಆಗಿ ಹಾಕಿ ಒಂದು ತಿಂಗಳು ನೋಡಿದ ಮೇಲಷ್ಟೇ ಪೋರ್ಟ್ ಮಾಡಿಸಿ, ಏಕೆಂದರೆ ಒಮ್ಮೆ ಹೋದರೆ 90 ದಿನ ಮರಳಿ ಬರುವಂತಿಲ್ಲ. ವಾಟ್ಸ್‌ಆ್ಯಪ್‌ನ ಆಟೊ ಡೌನ್‌ಲೋಡ್ ನಿಲ್ಲಿಸಿ, ಅಪ್‌ಡೇಟು ಮತ್ತು ಮಕ್ಕಳ ಪಾಠದ ವಿಡಿಯೊಗಳನ್ನು ಬೆಳಗಿನ ಜಾವ ಇಳಿಸಿಕೊಳ್ಳಿ. ಮಗ ಕ್ಯಾಮೆರಾ ಬಂದ್ ಮಾಡಿ ಮಾತನಾಡಲಿ. ಧ್ವನಿಗೆ ಸೆಕೆಂಡಿಗೆ 100 ಕಿಲೋಬಿಟ್ ಸಾಕು.

ಇಷ್ಟೆಲ್ಲ ಹೇಳಿದ ಮೇಲೂ ನನ್ನ ಮಾತು ಒಂದಿದೆ. ವಾರಗಟ್ಟಲೆ ಮನೆಯಿಂದ ಕೆಲಸ ಮಾಡುವವರಿಗೆ ಮೊಬೈಲ್ ಡೇಟಾ ಎಂದಿಗೂ ಎರಡನೆಯ ಆಯ್ಕೆಯಾಗಿರಬೇಕು. ಹಳ್ಳಿಗಳಿಗೆ ಇಂಟರ್ನೆಟ್ ಕೇಬಲ್ ಎಳೆಯುವ ಸರ್ಕಾರಿ ಯೋಜನೆಯಾದ ಭಾರತ್‌ನೆಟ್‌ನ ಫೈಬರ್ ನಿಮ್ಮ ಗ್ರಾಮ ಪಂಚಾಯಿತಿಗೆ ಬಂದಿದೆಯೇ ಎಂದು ವಿಚಾರಿಸಿ, ಅಕ್ಕಪಕ್ಕದ ನಾಲ್ಕಾರು ಮನೆಯವರು ಸೇರಿ ಒಟ್ಟಿಗೆ ಅರ್ಜಿ ಕೊಡಿ. 2020ರ ಲಾಕ್‌ಡೌನ್‌ನಲ್ಲಿ ನಮ್ಮ ಮಕ್ಕಳು ಗುಡ್ಡದ ಮೇಲೆ ಪ್ಲಾಸ್ಟಿಕ್ ಹೊದೆಸಿದ ಗುಡಿಸಲಿನಲ್ಲಿ ಕುಳಿತು ಪಾಠ ಕೇಳಿದ್ದನ್ನು ನಾನು ಮರೆತಿಲ್ಲ, ನೀವೂ ಮರೆತಿರಲಾರಿರಿ. ಮೊಬೈಲ್ ಕಂಪನಿಗೆ ದೂರು ಕೊಡುವಾಗ ‘ನೆಟ್ ಬರುವುದಿಲ್ಲ’ ಎಂದು ಬರೆಯುವ ಬದಲು ಎರಡು ವಾರದ ಡಿಬಿಎಂ ಮತ್ತು ವೇಗದ ಪಟ್ಟಿಯನ್ನೇ ಲಗತ್ತಿಸಿ. ಸರ್ಕಾರದ ಲೆಕ್ಕದಲ್ಲಿ ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು ಕನಿಷ್ಠ 2 ಎಂಬಿಪಿಎಸ್ ವೇಗ ಇರಬೇಕೆಂಬುದನ್ನೂ ಕಾಣಿಸಿ.

ಪ್ರಶ್ನೆ: ನಮ್ಮೂರಿನಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದೇನೆ. ನೆಟ್ ನಿಧಾನವಾದಾಗ ಯುಪಿಐ ಪಾವತಿ ಸುತ್ತುತ್ತಲೇ ಇರುತ್ತದೆ, ಗಿರಾಕಿಯ ಹಣ ಹೋಗಿ ನನಗೆ ಬಂದಿರುವುದಿಲ್ಲ. ಏನು ಮಾಡಲಿ?
– ಹೊಸನಗರ ತಾಲ್ಲೂಕಿನ ಓದುಗರು

ಉತ್ತರ: ಗಿರಾಕಿಗೆ ಕೂಡಲೇ ಎರಡನೆಯ ಸಲ ಹಣ ಹಾಕಲು ಹೇಳಬೇಡಿ, ಮೊದಲಿನದ್ದು ತಡವಾಗಿ ಬಂದು ಸೇರುವ ಸಾಧ್ಯತೆ ಇದೆ. ಖಾತೆಯಿಂದ ಹೋಗಿ ಅಂಗಡಿಗೆ ಬಾರದ ಹಣ ವ್ಯವಹಾರದ ನಂತರ 5 ದಿನದೊಳಗೆ ತಾನಾಗಿ ವಾಪಸಾಗಬೇಕು, ತಪ್ಪಿದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಎಂಬುದು 2019ರ ರಿಸರ್ವ್ ಬ್ಯಾಂಕ್ ನಿಯಮ. ಗಿರಾಕಿ ಅದಕ್ಕಾಗಿ ವ್ಯವಹಾರದ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಲಿ. ಡೇಟಾ ಪೂರ್ತಿ ನಿಂತಾಗ, 2ಜಿ ಸೇವೆ ಇರುವ ಸಿಮ್‌ನಿಂದ *99# ಒತ್ತಿ ಒಂದು ಸಲಕ್ಕೆ 5,000 ರೂಪಾಯಿವರೆಗೆ ಕಳಿಸಬಹುದು. ಖಾತೆಗೆ ಜೋಡಿಸಿದ ಮೊಬೈಲ್ ಸಂಖ್ಯೆಯಿಂದಲೇ ಒತ್ತಬೇಕು. ಕ್ಯೂಆರ್ ಫಲಕದ ಪಕ್ಕದಲ್ಲಿ ಈ ಸಂಕೇತವನ್ನೂ ನಿಮ್ಮ ಮೊಬೈಲ್ ಸಂಖ್ಯೆಯನ್ನೂ ಕನ್ನಡದಲ್ಲಿ ದೊಡ್ಡದಾಗಿ ಬರೆದು ಅಂಟಿಸಿ.