ಬೋರ್ಡಿನ ತೂಕ ಬಿಡಿ, ಗಾಳಿಯ ಲೆಕ್ಕ ಹಾಕಿ

ಮಳೆಗಾಲ ಹತ್ತಿರ ಬಂತು. ಈ ಸಲ ಬಂದ ಪತ್ರಗಳಲ್ಲಿ ಅಂಗಡಿ ಬೋರ್ಡು, ಫ್ಲೆಕ್ಸ್, ಹೋರ್ಡಿಂಗ್‌ಗಳದ್ದೇ ಜಾಸ್ತಿ. ಟೆರೇಸ್ ಸೋರಿಕೆ, ಗೋಡೆ ಬಿರುಕಿನ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡಿದ್ದೇನೆ. ಬೋರ್ಡು ಏರುವ ಮೊದಲು ಗೋಡೆ ತಟ್ಟಿ ನೋಡಿ ಹೂಂ ಅಥವಾ ಊಹೂಂ ಹೇಳುವುದು ಸ್ಟ್ರಕ್ಚರಲ್ ಎಂಜಿನಿಯರ್ ಆಗಿ ನನ್ನ ಕೆಲಸದ ಒಂದು ಭಾಗ. ಮೊದಲ ಗಾಳಿಮಳೆ ಬರುವ ಮುಂಚೆ ಈ ಉತ್ತರಗಳು ನಿಮ್ಮ ಕೈ ಸೇರಬೇಕು ಎಂಬುದು ನನ್ನ ಆಸೆ.

ಪ್ರಶ್ನೆ: ಮೇಡಂ, ಮಂಗಳೂರಿನಲ್ಲಿ ಬಾಡಿಗೆ ಕಟ್ಟಡದಲ್ಲಿ ಬೇಕರಿ ತೆರೆಯುತ್ತಿದ್ದೇನೆ. 20 ಅಡಿ ಉದ್ದ, 4 ಅಡಿ ಎತ್ತರದ ಎಸಿಪಿ (ಅಲ್ಯೂಮಿನಿಯಂ ಪದರದ) ಶೀಟಿನ ಬೋರ್ಡು, ಒಳಗೆ ಎಲ್‌ಇಡಿ. ಮೊದಲ ಮಹಡಿಯ ಪ್ಯಾರಾಪೆಟ್‌ಗೆ ಹಾಕಬೇಕು. ಕಟ್ಟಡ ಹಳೆಯದು, ಕೆಂಪು ಕಲ್ಲಿನದು. ಫ್ಯಾಬ್ರಿಕೇಶನ್‌ನವರು "ಬೋರ್ಡು ಭಾರವೇ ಇಲ್ಲ, ನಾಲ್ಕು ಬೋಲ್ಟ್ ಸಾಕು" ಅನ್ನುತ್ತಾರೆ. ಸಾಕಾ? ಅನುಮತಿಯೂ ಬೇಕಾ?
— ಬೇಕರಿ ಮಾಲೀಕರು, ಮಂಗಳೂರು

ಉತ್ತರ: ಸಾಲದು. ಅವರು ಬರೀ ತೂಕ ನೋಡಿ ಹೇಳುತ್ತಿದ್ದಾರೆ. ಫ್ರೇಮ್ ಸೇರಿ ನಿಮ್ಮ ಬೋರ್ಡು ನೂರು ಕಿಲೋ ಆಸುಪಾಸು ಇರಬಹುದು. ಅಷ್ಟನ್ನು ನಾಲ್ಕು ಬೋಲ್ಟ್ ಹೊರುತ್ತವೆ, ನಿಜ. ಆದರೆ ಬೋರ್ಡುಗಳು ಬೀಳುವುದು ತೂಕಕ್ಕಲ್ಲ, ಗಾಳಿಗೆ.

ನಮ್ಮಲ್ಲಿ ಗಾಳಿಯ ಲೆಕ್ಕಕ್ಕೆ ಒಂದು ಮಾನದಂಡವಿದೆ: ಐಎಸ್ 875ರ ಮೂರನೇ ಭಾಗ, 2015ರ ಆವೃತ್ತಿ. ಅದರಲ್ಲಿ ಮಂಗಳೂರಿಗೆ ಕೊಟ್ಟಿರುವ ಮೂಲ ಗಾಳಿವೇಗ ಸೆಕೆಂಡಿಗೆ 39 ಮೀಟರ್. ಅಂದರೆ ಗಂಟೆಗೆ ಸುಮಾರು 140 ಕಿಲೋಮೀಟರ್. ಇದು ದಿನಾ ಬೀಸುವ ಗಾಳಿಯಲ್ಲ. ಕೆಲವೇ ಸೆಕೆಂಡು ರಪ್ಪನೆ ಹೊಡೆದು ಹೋಗುವ ದೊಡ್ಡ ಬೀಸು. ಆ ವೇಗವನ್ನು ಅದರಿಂದಲೇ ಗುಣಿಸಿ, ಮತ್ತೆ 0.6ರಿಂದ ಗುಣಿಸಿದರೆ ಒಂದು ಚದರ ಮೀಟರ್ ಮೇಲೆ ಬೀಳುವ ಒತ್ತಡ ನ್ಯೂಟನ್ ಲೆಕ್ಕದಲ್ಲಿ ಸಿಗುತ್ತದೆ. ನಿಮ್ಮ ಬೋರ್ಡಿನ ವಿಸ್ತೀರ್ಣ ಸುಮಾರು ಏಳೂವರೆ ಚದರ ಮೀಟರ್. ಸ್ಥೂಲವಾಗಿ ಲೆಕ್ಕ ಹಾಕಿದರೂ ಹತ್ತಿರ ಹತ್ತಿರ 700 ಕಿಲೋ ತಳ್ಳು! ಎತ್ತರ, ಸುತ್ತಲಿನ ಕಟ್ಟಡಗಳು, ಬೋರ್ಡಿನ ಆಕಾರ ನೋಡಿ ಎಂಜಿನಿಯರ್ ಇದನ್ನು ಸ್ವಲ್ಪ ಮೇಲೆ ಕೆಳಗೆ ಮಾಡುತ್ತಾರೆ. ಆದರೆ ನೂರು ಕಿಲೋ ಎಲ್ಲಿ, ಏಳುನೂರು ಎಲ್ಲಿ? ಬೆಂಗಳೂರಿನ ವೇಗ 33 ಮೀಟರ್. ಇದೇ ಬೋರ್ಡು ಅಲ್ಲಿದ್ದರೂ ಅರ್ಧ ಟನ್ನಿನಷ್ಟು ಬರುತ್ತದೆ. ವೇಗ ಎರಡು ಪಟ್ಟಾದರೆ ತಳ್ಳು ನಾಲ್ಕು ಪಟ್ಟಾಗುತ್ತದೆ. ಹೋದ ವರ್ಷದ ಗಾಳಿಗೆ ಏನೂ ಆಗಲಿಲ್ಲ ಎಂಬ ಧೈರ್ಯಕ್ಕೆ ಇಲ್ಲಿ ಬೆಲೆಯಿಲ್ಲ.

ಬರೀ ತಳ್ಳುವುದಾಗಿದ್ದರೆ ಗೋಡೆ ತಡೆಯುತ್ತಿತ್ತು. ಗಾಳಿ ಬೋರ್ಡನ್ನು ಹೊರಕ್ಕೂ ಎಳೆಯುತ್ತದೆ. ಪ್ಯಾರಾಪೆಟ್‌ಗಿಂತ ಬೋರ್ಡು ಮೇಲೆ ಎದ್ದು ನಿಂತಿದ್ದರೆ, ಟೆರೇಸ್ ಕಡೆಯಿಂದ ಬರುವ ಗಾಳಿ ಅದರ ಬೆನ್ನಿಗೆ ಹೊಡೆದು, ಕೊಡೆ ಉಲ್ಟಾ ಮಾಡಿದ ಹಾಗೆ ರಸ್ತೆ ಕಡೆಗೆ ಬಗ್ಗಿಸುತ್ತದೆ. ಆಗ ಅಷ್ಟೂ ಬಲವನ್ನು ಬೋಲ್ಟ್ ಹಿಡಿಯಬೇಕು. ಬೋಲ್ಟನ್ನು ಗೋಡೆ ಹಿಡಿಯಬೇಕು.

ಇಲ್ಲಿ ನಿಮ್ಮ ಕೆಂಪು ಕಲ್ಲಿನ ಮಾತು ಬರುತ್ತದೆ. ಆಂಕರ್ ಬೋಲ್ಟ್ ಎಂದರೆ ತೂತಿನೊಳಗೆ ಹಿಗ್ಗಿ, ಸುತ್ತಲಿನ ಕಾಂಕ್ರೀಟನ್ನು ಒತ್ತಿ ಹಿಡಿಯುವ ವಸ್ತು. ಕೆಂಪು ಕಲ್ಲು ಅಲ್ಲಲ್ಲಿ ಟೊಳ್ಳು, ನೀರು ಕುಡಿದರೆ ಇನ್ನೂ ಮೆತ್ತಗೆ. ಬಿಗಿ ಮಾಡುವಾಗ ಗಟ್ಟಿ ಅನ್ನಿಸುವ ಬೋಲ್ಟ್ ಎರಡು ಮಳೆಗಾಲದಲ್ಲಿ ಅಲುಗಾಡಲು ಶುರುವಾಗುತ್ತದೆ. ಹಳೆಯ ಪ್ಯಾರಾಪೆಟ್ ಬೇರೆ, ಸ್ಲ್ಯಾಬ್ ಮೇಲೆ ಸುಮ್ನೆ ಕೂತಿರುತ್ತದೆ. ಬೋರ್ಡಿನ ಜೊತೆ ಗೋಡೆಯೇ ಕೆಳಗೆ ಬಂದದ್ದನ್ನು ನಾನು ನೋಡಿದ್ದೇನೆ. ಅದೃಷ್ಟಕ್ಕೆ ಅದು ರಾತ್ರಿ ಹೊತ್ತು.

ಆದ್ದರಿಂದ ಬೋರ್ಡನ್ನು ಪ್ಯಾರಾಪೆಟ್ ಬಿಟ್ಟು ಕೆಳಗಿಳಿಸಿ. ಅಂಗಡಿಯ ಶಟರ್ ಮೇಲೆ ಆರ್‌ಸಿಸಿ ಬೀಮ್ ಇರುತ್ತದೆ, ಇಲ್ಲವಾದರೆ ಸ್ಲ್ಯಾಬ್ ಅಂಚು ಇರುತ್ತದೆ. ಫ್ರೇಮ್ ಅದಕ್ಕೆ ಕೂರಬೇಕು, ಬೋಲ್ಟ್ ಕಾಂಕ್ರೀಟಿನ ತೀರಾ ಅಂಚಿಗೆ ಬರಬಾರದು. ಬೀಮ್ ಎಲ್ಲೂ ಸಿಗದಿದ್ದರೆ ಗೋಡೆಯ ಆಚೆ ಬದಿಯವರೆಗೂ ತೂತು ಕೊರೆದು, ಒಳಗಡೆ ಅಗಲವಾದ ಕಬ್ಬಿಣದ ಪ್ಲೇಟ್ ಕೊಟ್ಟು ನಟ್ ಬಿಗಿಯಬೇಕು. ಎಷ್ಟು ಬೋಲ್ಟ್, ಯಾವ ಅಳತೆ ಎಂಬುದನ್ನು ಎಂಜಿನಿಯರ್ ಬರೆದು ಕೊಡಲಿ. ಅವರು ಕಟ್ಟಡಕ್ಕೆ ಬಂದು, ಗೋಡೆ ನೋಡಿ ಬರೆಯಬೇಕು. ವಾಟ್ಸಾಪ್ ಫೋಟೋ ನೋಡಿ ಕೊಟ್ಟ ಸರ್ಟಿಫಿಕೇಟ್ ನನಗೆ ಒಪ್ಪಿಗೆಯಿಲ್ಲ.

ಸಮುದ್ರದ ಉಪ್ಪುಗಾಳಿಯನ್ನೂ ಮರೆಯಬೇಡಿ. ಎಂಎಸ್ (ಸಾಮಾನ್ಯ ಉಕ್ಕಿನ) ಪೈಪಿಗೆ ರೆಡ್ ಆಕ್ಸೈಡ್ ಒಂದು ಕೋಟ್ ಹೊಡೆದು ಬಿಟ್ಟರೆ ಕರಾವಳಿಯಲ್ಲಿ ತಡೆಯುವುದಿಲ್ಲ. ಜಿಐ, ಅಂದರೆ ಸತು ಲೇಪಿಸಿದ ಪೈಪ್ ತೆಗೆದುಕೊಳ್ಳಿ. ಬೆಸುಗೆ ಹಾಕಿದ ಕಡೆ ಸತುವಿನ ಲೇಪ ಸುಟ್ಟು ಹೋಗಿರುತ್ತದೆ, ಅಲ್ಲಿಗೆ ಜಿಂಕ್ ಪೇಂಟ್ ಬೇಕೇ ಬೇಕು. ಪೈಪಿನ ಬಾಯಿಗಳನ್ನು ಮುಚ್ಚಿಸಿ. ತುಕ್ಕು ಒಳಗಿನಿಂದ ತಿನ್ನುವಾಗ ಹೊರಗೆ ಗೊತ್ತಾಗುವುದಿಲ್ಲ.

ಅನುಮತಿಯ ವಿಷಯ. ಕರ್ನಾಟಕ ಪೌರ ನಿಗಮಗಳ ಕಾಯ್ದೆ 1976ರ 135ನೇ ಕಲಂ ಪ್ರಕಾರ ನಗರದಲ್ಲಿ ಜಾಹೀರಾತು ಫಲಕ ಹಾಕಲು ಆಯುಕ್ತರ ಲಿಖಿತ ಅನುಮತಿ ಬೇಕು. ಸ್ವಂತ ಅಂಗಡಿಯ ನಾಮಫಲಕಕ್ಕೆ ಎಷ್ಟು ಅಳತೆಯವರೆಗೆ ವಿನಾಯಿತಿ, ಎಷ್ಟು ಶುಲ್ಕ ಎಂಬುದು ಊರಿಂದ ಊರಿಗೆ ಬೇರೆ. ಪಾಲಿಕೆಯ ಕಂದಾಯ ವಿಭಾಗದಲ್ಲಿ ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ. ಹೋಗುವಾಗ ಟ್ರೇಡ್ ಲೈಸೆನ್ಸ್, ಕಟ್ಟಡ ಮಾಲೀಕರ ಒಪ್ಪಿಗೆ ಪತ್ರ, ಅಳತೆ ಬರೆದ ನಕ್ಷೆ, ಕಟ್ಟಡದ ಫೋಟೋ ಕೈಯಲ್ಲಿರಲಿ. ಮಾಲೀಕರ ಬಾಯಿಮಾತು ನಂಬಿಕೊಂಡು ಗೋಡೆಗೆ ಡ್ರಿಲ್ ಹಾಕಬೇಡಿ.

ಪ್ರಶ್ನೆ: 2024ರಲ್ಲಿ ಕನ್ನಡ ಬೋರ್ಡಿನ ನಿಯಮ ಬಂದಾಗ ನಮ್ಮ ಹಳೆಯ ಇಂಗ್ಲಿಷ್ ಬೋರ್ಡು ತೆಗೆಯದೆ, ಅದರ ಮೇಲ್ಗಡೆ ಇನ್ನೊಂದು ಫ್ರೇಮ್ ವೆಲ್ಡ್ ಮಾಡಿಸಿ ಕನ್ನಡದ್ದು ಹಾಕಿಸಿದೆವು. ಈಗ ಗಾಳಿ ಬಂದಾಗ ಕಟಕಟ ಸದ್ದು ಬರುತ್ತದೆ. ತೊಂದರೆ ಇದೆಯಾ?
— ಬಟ್ಟೆ ಅಂಗಡಿಯವರು, ಬೆಂಗಳೂರು

ಉತ್ತರ: ಇದೆ. ಇವತ್ತೇ ಅದರ ಕೆಳಗೆ ಯಾರೂ ನಿಲ್ಲದ ಹಾಗೆ ಹಗ್ಗ ಕಟ್ಟಿ. ಹಣ್ಣಿನ ಗಾಡಿ, ಬೈಕು ಏನಿದ್ದರೂ ಬೇರೆ ಕಡೆ ಸರಿಸಿ, ಆಮೇಲೆ ಮುಂದಿನ ಮಾತು.

ಫಲಕದಲ್ಲಿ ಶೇಕಡಾ 60ರಷ್ಟು ಕನ್ನಡವಿರಬೇಕು, ಅದು ಮೇಲ್ಭಾಗದಲ್ಲಿರಬೇಕು ಎಂಬುದು ನಿಯಮ. ಒಳ್ಳೆಯ ನಿಯಮವೇ. ಆದರೆ ಇನ್ನೊಂದು ಬೋರ್ಡು ಏರಿಸಿ ಎಂದು ಅದು ಹೇಳಿಲ್ಲ. ಇದ್ದ ಅಳತೆಯಲ್ಲೇ ಶೀಟ್ ಬದಲಿಸಿ, ಕನ್ನಡ ಮೇಲೆ ದೊಡ್ಡದಾಗಿ, ಇಂಗ್ಲಿಷ್ ಕೆಳಗೆ ಚಿಕ್ಕದಾಗಿ ಬರೆಸಿದ್ದರೆ ಆಗುತ್ತಿತ್ತು. ಗಡುವಿನ ಗಡಿಬಿಡಿಯಲ್ಲಿ ತುಂಬಾ ಅಂಗಡಿಗಳಲ್ಲಿ ನಿಮ್ಮ ಹಾಗೆಯೇ ಆಗಿದೆ. ಗಾಳಿ ಹಿಡಿಯುವ ಜಾಗ ಎರಡು ಪಟ್ಟಾಯಿತು, ಬೋಲ್ಟುಗಳು ಮಾತ್ರ ಹಳೆಯವೇ. ಮೇಲಿನದು ಎತ್ತರದಲ್ಲಿರುವುದರಿಂದ ಕೆಳಗಿನ ಬೋಲ್ಟುಗಳನ್ನು ಕಿತ್ತು ಎಳೆಯುವ ಬಲ ಇನ್ನೂ ಜಾಸ್ತಿ. ಎರಡನ್ನೂ ಇಳಿಸಿ. ಒಂದೇ ಫ್ರೇಮ್, ಒಂದೇ ಬೋರ್ಡು ಮಾಡಿಸಿ.

ಪ್ರಶ್ನೆ: ಮಳೆ ಬಂದಾಗ ನಮ್ಮ ಕ್ಲಿನಿಕ್‌ನ ಗ್ಲೋ ಸೈನ್ ಬೋರ್ಡು ಮುಟ್ಟಿದರೆ ಜುಮ್ ಅನ್ನುತ್ತದೆ.
— ಕ್ಲಿನಿಕ್ ಸಿಬ್ಬಂದಿ, ಹಾಸನ

ಉತ್ತರ: ಈಗಲೇ ಆಫ್ ಮಾಡಿ. ಫ್ಯೂಸ್ ತೆಗೆದಿಡಿ. ಲೋಹದ ಫ್ರೇಮಿಗೆ ಕರೆಂಟ್ ಇಳಿಯುತ್ತಿದೆ, ಅರ್ಥಿಂಗ್ ಸರಿಯಿಲ್ಲ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕರೆಸಿ, ಫ್ರೇಮಿಗೆ ಅರ್ಥಿಂಗ್ ಕೊಡಿಸಿ. ಆ ಲೈನಿಗೆ 30 ಮಿಲಿಆಂಪ್‌ನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್ ಹಾಕಿಸಿ. ಎಂಸಿಬಿ ಇದ್ದರೆ ಸಾಕು ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಎಂಸಿಬಿ ವೈರು ಸುಡದಂತೆ ಕಾಯುತ್ತದೆ, ಮುಟ್ಟಿದವರನ್ನು ಉಳಿಸುವುದು ಆರ್‌ಸಿಸಿಬಿ. ಬೋರ್ಡಿನೊಳಗಿನ ಪವರ್ ಸಪ್ಲೈ ಹೊರಾಂಗಣಕ್ಕೆಂದೇ ಮಾಡಿದ, ನೀರು ಹೋಗದ ಬಗೆಯದ್ದಾಗಿರಲಿ.

ಪ್ರಶ್ನೆ: ಪಕ್ಕದ ಅಂಗಡಿಯವರು ಫುಟ್‌ಪಾತ್ ಮೇಲೆ ಸ್ಟ್ಯಾಂಡ್ ಬೋರ್ಡು ಇಡುತ್ತಾರೆ. ಗೋಡೆಯಿಂದ ಅಡ್ಡಕ್ಕೆ ಚಾಚಿದ ಇನ್ನೊಂದು ಬೋರ್ಡು ನನ್ನ ತಲೆಗೆ ತಾಗುತ್ತದೆ. ನನಗೆ ದೃಷ್ಟಿ ತೀರಾ ಕಮ್ಮಿ, ಕೋಲು ಹಿಡಿದು ನಡೆಯುತ್ತೇನೆ. ಹೇಳಿದರೆ ಕೇಳುವುದಿಲ್ಲ.
— ನಿವೃತ್ತ ಶಿಕ್ಷಕಿ, ಮೈಸೂರು

ಉತ್ತರ: ಟೀಚರ್, ನಿಮ್ಮ ಪತ್ರ ಓದಿ ನನಗೆ ನಿಜಕ್ಕೂ ಸಿಟ್ಟು ಬಂತು. ಕೋಲು ನೆಲದ ಅಡ್ಡಿಯನ್ನು ಹೇಳುತ್ತದೆ, ತಲೆಯೆತ್ತರದಲ್ಲಿರುವುದನ್ನು ಹೇಳುವುದಿಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಪಾದಚಾರಿ ಮಾರ್ಗಸೂಚಿ, ಅಂದರೆ ಐಆರ್‌ಸಿ 103, ಫುಟ್‌ಪಾತ್‌ನಲ್ಲಿ ನಡೆಯಲು ಕನಿಷ್ಠ 1.8 ಮೀಟರ್ ಅಗಲ, 2.2 ಮೀಟರ್ ಎತ್ತರ ಪೂರ್ತಿ ಖಾಲಿ ಇರಬೇಕು ಎನ್ನುತ್ತದೆ. ಆ ಜಾಗದೊಳಗೆ ಅಂಗಡಿಯವರ ಯಾವ ವಸ್ತುವೂ ಬರಬಾರದು. ಅಂಗಡಿ ಅವರದ್ದು, ಫುಟ್‌ಪಾತ್ ಅವರದ್ದಲ್ಲ. ಯಾರಿಂದಾದರೂ ಟೇಪು ಹಿಡಿಸಿ ಎತ್ತರ ಅಳೆಸಿ, ಫೋಟೋ ತೆಗೆಸಿ, ಪಾಲಿಕೆಯ ವಲಯ ಕಚೇರಿಗೆ ಲಿಖಿತ ದೂರು ಕೊಡಿ. ಅಳತೆಯನ್ನೂ ಈ ಮಾರ್ಗಸೂಚಿಯ ಹೆಸರನ್ನೂ ಅದರಲ್ಲಿ ಬರೆಯಿರಿ. ಸ್ವೀಕೃತಿಯ ಸೀಲು ಹಾಕಿಸಿಕೊಳ್ಳದೆ ಬರಬೇಡಿ.

ಪ್ರಶ್ನೆ: ಊರ ಗಣೇಶೋತ್ಸವಕ್ಕೆ ಸರ್ಕಲ್ಲಿನಲ್ಲಿ ದೊಡ್ಡ ಫ್ಲೆಕ್ಸ್ ಕಟ್ಟುತ್ತೇವೆ. ಗಾಳಿ ಹೋಗಲಿ ಎಂದು ಅಲ್ಲಲ್ಲಿ ಸೀಳು ಹಾಕುತ್ತೇವೆ. ಇನ್ನೇನು ಮಾಡಬೇಕು?
— ಯುವಕ ಸಂಘ, ತುಮಕೂರು ಜಿಲ್ಲೆ

ಉತ್ತರ: ತಮ್ಮಂದಿರೇ, ಸಣ್ಣ ಸೀಳುಗಳಿಂದ ಗಾಳಿಯ ಹೊಡೆತ ಹೇಳಿಕೊಳ್ಳುವಷ್ಟು ಕಮ್ಮಿಯಾಗುವುದಿಲ್ಲ. ಸೀಳಿದ ಜಾಗದಿಂದಲೇ ಹರಿಯುತ್ತದೆ ಅಷ್ಟೇ. 2019ರ ಸೆಪ್ಟೆಂಬರಿನಲ್ಲಿ ಚೆನ್ನೈಯ ಪಳ್ಳಿಕರಣೈಯಲ್ಲಿ ಸ್ಕೂಟರಿನಲ್ಲಿ ಹೋಗುತ್ತಿದ್ದ 23 ವರ್ಷದ ಹುಡುಗಿಯ ಮೇಲೆ ರಸ್ತೆ ನಡುವೆ ಕಟ್ಟಿದ್ದ ಬ್ಯಾನರ್ ಬಿತ್ತು. ಅವಳು ಬಿದ್ದಳು, ಹಿಂದೆ ಬರುತ್ತಿದ್ದ ನೀರಿನ ಟ್ಯಾಂಕರ್ ಅವಳ ಮೇಲೆ ಹರಿಯಿತು. ಅದು ಒಂದು ಮದುವೆಯ ಬ್ಯಾನರ್. ಕಟ್ಟಿದವರೂ ಸಂಭ್ರಮಕ್ಕೇ ಕಟ್ಟಿದ್ದರು.

ಪ್ಲಾಸ್ಟಿಕ್ ಫ್ಲೆಕ್ಸನ್ನು ನಮ್ಮ ರಾಜ್ಯ ಸರ್ಕಾರ 2016ರ ಮಾರ್ಚ್‌ನಲ್ಲೇ ನಿಷೇಧಿಸಿದೆ. ಅನುಮತಿಯಿಲ್ಲದೆ ಸಾರ್ವಜನಿಕರ ಕಣ್ಣಿಗೆ ಬೀಳುವ ಕಡೆ ಜಾಹೀರಾತು ಹಾಕಿದರೆ 1981ರ ತೆರೆದ ಸ್ಥಳಗಳ ವಿರೂಪ ತಡೆ ಕಾಯ್ದೆಯಲ್ಲಿ ದಂಡವೂ ಇದೆ, ಜೈಲೂ ಇದೆ. ಸರ್ಕಲ್ಲು ಅಂದಿರಲ್ಲ, ಅದು ಎಲ್ಲಕ್ಕಿಂತ ಕೆಟ್ಟ ಜಾಗ. ರಸ್ತೆ ಬದಿ ಜಾಹೀರಾತುಗಳ ಬಗ್ಗೆ ಐಆರ್‌ಸಿ 1972ರಲ್ಲೇ ನೀತಿ ಮಾಡಿದೆ: ಕೂಡುರಸ್ತೆಯಿಂದ 100 ಮೀಟರ್, ಪಟ್ಟಣದೊಳಗೆ ಕಮ್ಮಿ ಅಂದರೂ 50 ಮೀಟರ್ ದೂರ ಬಿಡಬೇಕು, ರಸ್ತೆಗೆ ಅಡ್ಡಲಾಗಿ ತೂಗಿಸಬಾರದು. ತಿರುವಿನಲ್ಲಿ ಎದುರಿಂದ ಬರುವ ಗಾಡಿ ಕಾಣದೆ ಹೋಗುತ್ತದೆ ಎಂಬುದೇ ಕಾರಣ. ಕರೆಂಟ್ ಕಂಬಕ್ಕಂತೂ ಕಟ್ಟಲೇಬೇಡಿ. ನಿಮ್ಮಲ್ಲೇ ಚೆನ್ನಾಗಿ ಬರೆಯುವವರು ಇರುತ್ತಾರೆ. ಬಟ್ಟೆಯ ಮೇಲೆ ಬರೆಸಿ, ಪೆಂಡಾಲಿನ ಒಳಗೆ ಕಟ್ಟಿ, ಹಬ್ಬ ಮುಗಿದ ದಿನವೇ ಬಿಚ್ಚಿ.

ಪ್ರಶ್ನೆ: ನಮ್ಮ ಟೆರೇಸ್ ಮೇಲೆ ಹೋರ್ಡಿಂಗ್ ಹಾಕಲು ಏಜೆನ್ಸಿಯವರು ತಿಂಗಳ ಬಾಡಿಗೆ ಕೊಡುತ್ತೇವೆ ಅನ್ನುತ್ತಾರೆ. ಮನೆ ಮುಂದೆ 11 ಕೆವಿ ಲೈನ್ ಇದೆ. ಅವರ ಹಳೆಯ ಹೋರ್ಡಿಂಗ್ ಒಂದನ್ನು ಬೇರೆ ಕಡೆಯಿಂದ ಬಿಚ್ಚಿ ತಂದು ಇಲ್ಲಿ ಹಾಕುತ್ತಾರಂತೆ.
— ಮನೆ ಮಾಲೀಕರು, ಹುಬ್ಬಳ್ಳಿ

ಉತ್ತರ: ನನ್ನ ಸಲಹೆ: ಬೇಡ ಅನ್ನಿ. ಮನೆಗೆ ಲೆಕ್ಕ ಹಾಕಿದ ಸ್ಲ್ಯಾಬ್ ಹೋರ್ಡಿಂಗ್‌ನ ಕಾಲುಗಳಿಗೆ ಹಾಕಿದ್ದಲ್ಲ. 2024ರ ಮೇ 13ರಂದು ಮುಂಬೈಯ ಘಾಟ್ಕೋಪರ್‌ನಲ್ಲಿ ಹೋರ್ಡಿಂಗ್ ಪೆಟ್ರೋಲ್ ಬಂಕ್ ಮೇಲೆ ಬಿದ್ದು 17 ಜನ ಸತ್ತರು. ಅಲ್ಲಿನ ಪಾಲಿಕೆ ಒಪ್ಪುತ್ತಿದ್ದ ಅಳತೆ 40ಕ್ಕೆ 40 ಅಡಿ, ನಿಂತಿದ್ದದ್ದು 120ಕ್ಕೆ 120. ಅಂದರೆ ಒಂಬತ್ತು ಪಟ್ಟು ಜಾಗ ಗಾಳಿಗೆ ಎದುರಾಗಿ ನಿಂತಿತ್ತು.

ಹಾಕಲೇಬೇಕು ಅಂದರೆ ಪಾಲಿಕೆಯ ಅನುಮತಿ, ನಿಮ್ಮ ಕಟ್ಟಡವನ್ನೇ ನೋಡಿ ಬರೆದ ಸ್ಟೆಬಿಲಿಟಿ ಸರ್ಟಿಫಿಕೇಟ್, ಮೂರನೆಯವರಿಗೆ ಹಾನಿಯಾದರೆ ತುಂಬುವ ವಿಮೆ, ಇವು ಮೂರೂ ಬಾಡಿಗೆ ಕರಾರಿಗೆ ಮೊದಲೇ ನಿಮ್ಮ ಕೈಗೆ ಬರಲಿ. 11 ಕೆವಿ ತಂತಿಯಿಂದ ಅಡ್ಡಕ್ಕೆ ಕನಿಷ್ಠ 1.2 ಮೀಟರ್, ತಂತಿ ಮೇಲಿಂದ ಹಾದು ಹೋದರೆ 3.7 ಮೀಟರ್ ಅಂತರ ಬೇಕು. ಅಡ್ಡ ಅಂತರವನ್ನು ತಂತಿ ಗಾಳಿಗೆ ಎಷ್ಟು ತೂಗುತ್ತದೋ ಅಷ್ಟನ್ನೂ ಸೇರಿಸಿ ಅಳೆಯಬೇಕು. ಕಬ್ಬಿಣದ ಪೈಪು ಎತ್ತುವಾಗ ಕೂಲಿಯವರ ಕೈ ಆ ಗೆರೆ ದಾಟುವುದು ಒಂದು ಕ್ಷಣದ ಮಾತು. ಕೆಲಸದ ಹೊತ್ತಿಗೆ ಲೈನ್ ಆಫ್ ಮಾಡಿಸಲು ಹೆಸ್ಕಾಂ ಕಚೇರಿಗೆ ಮೊದಲೇ ಬರೆದುಕೊಡಿ. ತುರ್ತಿಗೆ 1912ಕ್ಕೆ ಫೋನ್ ಮಾಡಿ.

ಹಳೆಯದನ್ನು ಬಿಚ್ಚುವ ಜಾಗಕ್ಕೂ ಒಂದು ಮಾತು ಹೇಳಿ ಕಳಿಸಿ. 2018ರ ಅಕ್ಟೋಬರಿನಲ್ಲಿ ಪುಣೆಯಲ್ಲಿ ಹೋರ್ಡಿಂಗ್ ಬಿಚ್ಚುವಾಗ ಕಂಬಗಳನ್ನು ಬುಡದಲ್ಲೇ ಕತ್ತರಿಸಿದರು. ಇಡೀ ಚೌಕಟ್ಟು ಸಿಗ್ನಲ್‌ನಲ್ಲಿ ನಿಂತಿದ್ದ ಆಟೋಗಳ ಮೇಲೆ ಬಿದ್ದು ನಾಲ್ವರು ಸತ್ತರು. ಮೊದಲು ಶೀಟ್ ತೆಗೆಯಬೇಕು. ಕ್ರೇನ್‌ನಿಂದ ಚೌಕಟ್ಟು ಹಿಡಿದಿಟ್ಟು, ಮೇಲಿನಿಂದ ಕೆಳಕ್ಕೆ ತುಂಡು ತುಂಡಾಗಿ ಇಳಿಸಬೇಕು. ಬುಡ ಕತ್ತರಿಸುವುದು ಕಟ್ಟಕಡೆಗೆ. ಅಷ್ಟು ಹೊತ್ತೂ ಕೆಳಗಿನ ರಸ್ತೆ ಬಂದ್ ಇರಬೇಕು.