ಮಿಯಾಟಾದ ಆಯಿಲ್ ಫಿಲ್ಟರ್: ಕಣ್ಣಿಗೆ ಸಿಗಲ್ಲ, ಕೈಗೆ ಸಿಗುತ್ತೆ

ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಜಾರು ಮಾಡ್ಕೋಬೇಡಿ. ನಾನೂ ಮೊದಲ ಸಲ ಹೀಗೇ ಒದ್ದಾಡಿದ್ದೆ. 1991ರ ಮಾಜ್ದಾ ಎಂಎಕ್ಸ್-5, ಅಂದ್ರೆ ಮಿಯಾಟಾ ಕಾರು, 1.6 ಲೀಟರ್ ಎಂಜಿನ್, ಹೊಸದಾಗಿ ತಗೊಂಡಿದ್ದೀರಿ. ಹಳೇ ಆಯಿಲ್ ಪೂರ್ತಿ ಇಳಿಸಿದ್ದೀರಿ. ಒಂದು ಗಂಟೆ ಕೆಳಗೆ ಮಲಗಿ ಟಾರ್ಚ್ ಹಾಕಿ ಹುಡುಕಿದರೂ ಫಿಲ್ಟರ್ ಕಂಡಿಲ್ಲ. ಈ ಸಲ ಹಳೇ ಫಿಲ್ಟರನ್ನೇ ಬಿಟ್ಟು ಹೊಸ ಆಯಿಲ್ ಸುರಿದರೆ ಆಗುತ್ತಾ ಅಂತ ಕೇಳಿದ್ದೀರಿ.

ಆ ಕೊನೆಯ ಮಾತಿಗೆ ಮೊದಲು ಉತ್ತರ. ಬೇಡ. ಎಂಜಿನ್ ಇವತ್ತೇ ಕೆಟ್ಟು ಹೋಗಲ್ಲ, ನಿಜ. ಆದರೆ ಆ ಫಿಲ್ಟರ್ ಯಾವಾಗ ಹಾಕಿದ್ದು ಅಂತ ನಿಮಗೆ ಗೊತ್ತಿಲ್ಲ. ಫಿಲ್ಟರ್ ಒಳಗಿನ ಕಾಗದ ಕೊಳೆಯಿಂದ ಕಟ್ಟಿಕೊಂಡರೆ ಒಂದು ಚಿಕ್ಕ ಬೈಪಾಸ್ ವಾಲ್ವ್ ತೆರೆದುಕೊಳ್ಳುತ್ತೆ. ಎಂಜಿನ್ನಿಗೆ ಆಯಿಲ್ ನಿಲ್ಲಬಾರದು ಅಂತ ಮಾಡಿರೋ ಏರ್ಪಾಡು ಅದು. ಆಮೇಲೆ ಆಯಿಲ್ ಸೋಸದೇ ಹಾಗೇ ತಿರುಗುತ್ತಾ ಇರುತ್ತೆ. ಅಲ್ಲದೆ ಹಳೇ ಫಿಲ್ಟರ್ ಒಳಗೆ ಕಪ್ಪು ಆಯಿಲ್ ಉಳಿದಿರುತ್ತೆ, ಅದು ಹೊಸ ಆಯಿಲ್ ಜೊತೆ ಸೇರುತ್ತೆ. ಅರ್ಧ ಕೆಲಸ ಆಗಿದೆ, ಇನ್ನರ್ಧ ಮುಗಿಸಿಬಿಡಿ.

ಈಗ ಫಿಲ್ಟರ್ ಎಲ್ಲಿದೆ ಅಂತ ಹೇಳ್ತೀನಿ. ಕೆಳಗಿಂದ ಎದ್ದು ಬನ್ನಿ, ಬಾನೆಟ್ ತೆಗೆಯಿರಿ. ಏರ್ ಫಿಲ್ಟರ್ ಡಬ್ಬಿಯಿಂದ ಒಂದು ದಪ್ಪ ಗಾಳಿ ಪೈಪು ಹೊರಟು ಎಂಜಿನ್ನಿನ ಮುಂದಿನಿಂದ ಇನ್ನೊಂದು ಬದಿಗೆ ದಾಟುತ್ತೆ, ಅಲ್ವಾ? ಅದರ ಹಿಂದೆಯೇ ಕಣ್ಣು ಓಡಿಸಿ. ಅದು ಥ್ರಾಟಲ್‌ಗೆ, ಅಂದ್ರೆ ಎಂಜಿನ್ನಿಗೆ ಹೋಗೋ ಗಾಳಿ ಹತೋಟಿ ಮಾಡೋ ಬಾಗಿಲಿಗೆ ಸೇರುತ್ತೆ, ಅಲ್ಲಿಂದ ಅಲ್ಯೂಮಿನಿಯಂ ಇನ್‌ಟೇಕ್ ಕೊಳವೆಗಳು ಎಂಜಿನ್ ತಲೆಗೆ ಹೋಗ್ತವೆ. ಆ ಕೊಳವೆಗಳ ಕೆಳಗೆ, ಎಂಜಿನ್ ಬ್ಲಾಕಿಗೆ ಅಂಟಿಕೊಂಡ ಹಾಗೆ, ಓರೆಯಾಗಿ ಕೂತಿದೆ ನಿಮ್ಮ ಫಿಲ್ಟರ್. ಸೀಟಿನಲ್ಲಿ ಕೂತು ಮುಂದೆ ನೋಡಿದರೆ ಅದು ಎಂಜಿನ್ನಿನ ಬಲಗಡೆ. ನೀವು ಹಾಕಿರೋ ಫೋಟೋದಲ್ಲಿ ಎಕ್ಸಾಸ್ಟ್ ಪೈಪು ಕಾಣ್ತಿದೆ, ಅದಿರೋದು ಎಡಗಡೆ. ಅಂದ್ರೆ ಒಂದು ಗಂಟೆ ಪೂರ್ತಿ ಎಡಗಡೆ ಹುಡುಕಿದ್ದೀರಿ. ಕಂಕುಳಲ್ಲಿ ಕೂಸು ಇಟ್ಕೊಂಡು ಊರೆಲ್ಲ ಹುಡುಕಿದ ಹಾಗಾಯ್ತು.

ಬಲಗಡೆ ನೋಡಿದರೂ ಪೂರ್ತಿ ಕಾಣುತ್ತೆ ಅಂದ್ಕೋಬೇಡಿ. ಮೇಲಿಂದ ನೋಡಿದರೆ ಇನ್‌ಟೇಕ್ ಅಡ್ಡ, ಕೆಳಗಿಂದ ನೋಡಿದರೆ ಮುಂದಿನ ಸಸ್ಪೆನ್ಷನ್ ಹೊರೋ ಕ್ರಾಸ್ ಮೆಂಬರ್ ಅಡ್ಡ. ಸ್ಟೀರಿಂಗ್ ಬಲಕ್ಕಿರುವ ಗಾಡಿಯಾದರೆ ಸ್ಟೀರಿಂಗ್ ರಾಡ್ ಕೂಡ ಅದೇ ಬದಿಯಲ್ಲಿ ಇಳಿಯುತ್ತೆ, ಇನ್ನೂ ಇಕ್ಕಟ್ಟು. ಅದಕ್ಕೇ ಈ ಗಾಡಿಯಲ್ಲಿ ಕಣ್ಣನ್ನು ನಂಬಬೇಡಿ. ಕೈ ಹಾಕಿ ತಡವಿ ನೋಡಿ. ನುಣುಪಾದ, ಡಬ್ಬಿ ಥರ ದುಂಡಗಿರೋದು ಬೆರಳಿಗೆ ಸಿಕ್ಕಿದರೆ ಅದೇ. ಅದರ ಹತ್ತಿರವೇ ಆಯಿಲ್ ಪ್ರೆಷರ್ ಸೆನ್ಸರ್ ಇದೆ, ಅದಕ್ಕೆ ಬರೋ ವೈರ್ ಕೈಗೆ ತಗುಲಿ ಕಳಚದ ಹಾಗೆ ನೋಡಿಕೊಳ್ಳಿ.

ಕೈ ಹಾಕೋಕೆ ಎರಡು ದಾರಿ. ತೆಳ್ಳನೆ ಕೈ ಇದ್ದವರು ಮೇಲಿಂದಲೇ ಕೊಳವೆಗಳ ಪಕ್ಕದಲ್ಲಿ ತೂರಿಸಿ ಮುಗಿಸ್ತಾರೆ. ನನ್ನದು ದಪ್ಪ ಕೈ. ಮೇಲಿಂದ ಹಾಕಿದ ಸಲವೆಲ್ಲ ಮುಂಗೈ ತರಚಿದೆ. ಅದಕ್ಕೆ ನಾನು ಮುಂದಿನ ಬಲ ಚಕ್ರ ಬಿಚ್ಚಿ, ಆ ಸಂದಿಯಿಂದ ಒಳಗೆ ಕೈ ಚಾಚುತ್ತೇನೆ. ಹತ್ತು ನಿಮಿಷ ಜಾಸ್ತಿ ಹಿಡಿಯುತ್ತೆ, ಬೈಗುಳ ಕಡಿಮೆ. ನಿಮಗೆ ಮೊದಲ ಸಲ ಆದ್ದರಿಂದ ಇದನ್ನೇ ಮಾಡಿ. ಮುಂದಿನ ಕ್ರಾಸ್ ಮೆಂಬರ್ ನಡುವೆ ಜಾಕ್ ಕೊಟ್ಟು ಎತ್ತಿ, ಚಕ್ರದ ಹಿಂದೆ ಬಾಡಿಯ ಅಂಚಿನಲ್ಲಿ ಗಟ್ಟಿ ಮಾಡಿರೋ ಜಾಗ ಇದೆ, ಅಲ್ಲಿ ಎರಡೂ ಕಡೆ ಸ್ಟ್ಯಾಂಡ್ ನಿಲ್ಲಿಸಿ. ಹ್ಯಾಂಡ್‌ಬ್ರೇಕ್ ಹಾಕಿ, ಹಿಂದಿನ ಚಕ್ರಗಳಿಗೆ ಅಡ್ಡ ಕೊಡಿ. ಬರೀ ಜಾಕ್ ನಂಬಿ ಕೆಳಗೆ ಹೋಗಬೇಡಿ. ಆಯಿಲ್ ಇಳಿಸುವಾಗ ಗಾಡಿ ಹೇಗೆ ಎತ್ತಿದ್ದಿರಿ ಅಂತ ನೀವು ಬರೆದಿಲ್ಲ, ಅದಕ್ಕೆ ಹೇಳಿದೆ.

ಎಂಜಿನ್ ಈಗ ತಣ್ಣಗಾಗಿರುತ್ತೆ, ಒಳ್ಳೆಯದೇ ಆಯಿತು. ಬಿಸಿ ಎಂಜಿನ್ ಪಕ್ಕ ಮೊಣಕೈವರೆಗೂ ತೂರಿಸೋದು ಯಾರಿಗೂ ಬೇಡ.

ಬಿಚ್ಚುವ ದಿಕ್ಕಿನಲ್ಲಿ ಜನ ಎಡವುತ್ತಾರೆ. ಫಿಲ್ಟರಿನ ತಳ, ಅಂದ್ರೆ ಮುಚ್ಚಿದ ತುದಿ, ನಿಮ್ಮ ಮುಖಕ್ಕೆ ಎದುರಾಗಿದೆ ಅಂತ ಮನಸ್ಸಿನಲ್ಲಿ ಚಿತ್ರ ಮಾಡ್ಕೊಳ್ಳಿ. ಆಗ ಗಡಿಯಾರದ ಉಲ್ಟಾ ತಿರುಗಿಸಬೇಕು. ಮೇಲಿಂದ ಕೈ ಹಾಕಿದಾಗ ನೀವಿರೋದು ಆ ತುದಿಯ ಆಚೆ ಕಡೆ, ಹಾಗಾಗಿ ದಿಕ್ಕು ತಿರುಗಾಮುರುಗಾ ಅನ್ನಿಸುತ್ತೆ. ಎಷ್ಟೋ ಜನ ಬಿಚ್ತಾ ಇದ್ದೀನಿ ಅಂದ್ಕೊಂಡು ಇನ್ನೂ ಬಿಗಿ ಮಾಡಿರ್ತಾರೆ. ಕೈಯಲ್ಲಿ ಹೊಸ ಫಿಲ್ಟರ್ ಹಿಡಿದು ಅದೇ ಓರೆಯಲ್ಲಿ ಒಮ್ಮೆ ತಿರುಗಿಸಿ ನೋಡಿ, ಗೊಂದಲ ಹೋಗುತ್ತೆ.

ಕೈಗೆ ಬಗ್ಗದಿದ್ದರೆ? ರಬ್ಬರ್ ಗ್ಲೌಸ್ ಮೇಲೆ ಒಂದು ತುಂಡು ಉಪ್ಪುಕಾಗದ ಇಟ್ಟು ಹಿಡಿದು ನೋಡಿ, ಮುಕ್ಕಾಲು ಪಾಲು ಫಿಲ್ಟರ್ ಇದಕ್ಕೇ ಬರುತ್ತವೆ. ಬರದಿದ್ದರೆ ತಳಕ್ಕೆ ಟೋಪಿ ಥರ ಕೂರುವ ಫಿಲ್ಟರ್ ಪಾನಾ ತಗೊಳ್ಳಿ, ರಾಚೆಟ್‌ಗೆ ಒಂದು ಉದ್ದದ ಎಕ್ಸ್‌ಟೆನ್ಷನ್ ಹಾಕಿ. ಟೋಪಿಯ ಅಳತೆ, ಪಟ್ಟಿಗಳ ಎಣಿಕೆ ಫಿಲ್ಟರಿಗೆ ಸರಿಯಾಗಿ ಹೊಂದಬೇಕು, ಸಡಿಲ ಇದ್ದರೆ ಜಾರಿ ಅಂಚೆಲ್ಲ ಸವೆಯುತ್ತೆ. ಚೈನ್ ಇರುವ ಪಾನಾ ಈ ಇಕ್ಕಟ್ಟಿನಲ್ಲಿ ಆಡಲ್ಲ. ಸ್ಕ್ರೂಡ್ರೈವರ್ ಚುಚ್ಚಿ ತಿರುಗಿಸಿ ಅಂತ ಮೇಲೆ ಒಬ್ಬರು ಸಲಹೆ ಕೊಟ್ಟಿದ್ದಾರೆ. ದಯವಿಟ್ಟು ಬೇಡ. ಫಿಲ್ಟರ್ ತಗಡು ತೆಳು. ಡಬ್ಬಿ ಹರಿದು ಬರುತ್ತೆ, ಬಾಯಿ ಕಡೆಯ ದಪ್ಪ ಪಟ್ಟಿ ಮಾತ್ರ ಬ್ಲಾಕಿನಲ್ಲೇ ಉಳಿಯುತ್ತೆ. ಹಿಡಿಯೋಕೆ ಏನೂ ಇಲ್ಲದ ಜಾಗದಲ್ಲಿ ಆ ಪಟ್ಟಿ ತೆಗೆಯೋದು ದೊಡ್ಡ ಶಿಕ್ಷೆ.

ಫಿಲ್ಟರ್ ಅರ್ಧ ಸುತ್ತು ಸಡಿಲವಾದ ಕೂಡಲೇ ನಿಲ್ಲಿಸಿ. ಅದರ ಸುತ್ತ ಒಂದು ಗಟ್ಟಿ ಪ್ಲಾಸ್ಟಿಕ್ ಚೀಲ ಸಿಕ್ಕಿಸಿ, ಚೀಲದ ಹೊರಗಿನಿಂದಲೇ ತಿರುಗಿಸ್ತಾ ಹೋಗಿ. ಕಳಚಿದ ಫಿಲ್ಟರ್ ಆಯಿಲ್ ಸಮೇತ ಚೀಲದೊಳಗೆ ಬೀಳುತ್ತೆ. ಇಲ್ಲದಿದ್ದರೆ ಆಯಿಲ್ ನೇರ ಕ್ರಾಸ್ ಮೆಂಬರ್ ಮೇಲೆ ಸುರಿದು, ಅದರ ತೂತುಗಳೊಳಗೆ ಸೇರಿ, ಮುಂದಿನ ಎರಡು ವಾರ ಹನಿ ಹನಿ ಇಳಿಯುತ್ತೆ. ಆಮೇಲೆ ಎಂಜಿನ್ ಲೀಕ್ ಅಂತ ಇಲ್ಲೇ ಬಂದು ಇನ್ನೊಂದು ಪ್ರಶ್ನೆ ಹಾಕ್ತೀರಿ.

ಈಗ ನಿಜವಾಗಿ ಗಮನ ಕೊಡಬೇಕಾದ ಜಾಗ. ಬಿಚ್ಚಿದ ಫಿಲ್ಟರ್ ಹೊರಗೆ ತಂದ ತಕ್ಷಣ ಅದರ ಬಾಯಿ ನೋಡಿ. ಕಪ್ಪು ರಬ್ಬರ್ ರಿಂಗ್ ಇದೆಯಾ? ಇದ್ದರೆ ಸರಿ. ಇಲ್ಲದಿದ್ದರೆ ಅದು ಎಂಜಿನ್ ಬ್ಲಾಕಿಗೇ ಅಂಟಿಕೊಂಡಿದೆ. ನನಗೆ ಒಮ್ಮೆ ಹಾಗೇ ಆಗಿತ್ತು. ನೋಡಲಿಲ್ಲ. ಹಳೇ ರಿಂಗ್ ಮೇಲೆ ಹೊಸ ಫಿಲ್ಟರಿನ ರಿಂಗ್ ಕೂತಿತು. ಕೈಗೆ ಬಿಗಿಯಾಗಿಯೇ ಇತ್ತು, ಅನುಮಾನ ಬರಲಿಲ್ಲ. ಎಂಜಿನ್ ಸ್ಟಾರ್ಟ್ ಮಾಡಿದೆ. ಪ್ರೆಷರ್ ಏರಿದ ಕೂಡಲೇ ಎರಡು ರಿಂಗ್ ಒಂದರ ಮೇಲೊಂದು ಜಾರಿ, ಆಗ ತಾನೇ ಹಾಕಿದ್ದ ಆಯಿಲ್ ನೆಲದ ಮೇಲೆ ಕೆರೆಯಾಯಿತು. ಆಯಿಲ್ ಪ್ರೆಷರ್ ಮೀಟರಿನ ಮುಳ್ಳು ಬಿದ್ದಿದ್ದು ನೋಡಿ ತಕ್ಷಣ ಕೀ ತಿರುಗಿಸಿ ಆಫ್ ಮಾಡಿದ್ದಕ್ಕೆ ಎಂಜಿನ್ ಉಳಿಯಿತು. ನೆಲ ತೊಳೆದಿದ್ದು ಮಾತ್ರ ಇಡೀ ಭಾನುವಾರ. ಅದಕ್ಕೇ ಕಾಣದ ಜಾಗವಾದರೂ ಬಟ್ಟೆ ಹಿಡಿದು ಬ್ಲಾಕಿನ ಆ ಮುಖವನ್ನು ಸುತ್ತ ಒರೆಸಿ, ಆಮೇಲೆ ಬರಿ ಬೆರಳಿನಿಂದ ಸುತ್ತಿ ನೋಡಿ. ಬೆರಳಿಗೆ ನುಣ್ಣನೆ ಲೋಹ ಮಾತ್ರ ಸಿಗಬೇಕು. ಫೋನ್ ಕ್ಯಾಮೆರಾ ಒಳಗೆ ಹಿಡಿದು ಒಂದು ಫೋಟೋ ತೆಗೆದರೆ ಇನ್ನೂ ಒಳ್ಳೆಯದು.

ನಡುವೆ ಥ್ರೆಡ್ ಇರುವ ಒಂದು ಕೊಳವೆ ಇರುತ್ತೆ, ಫಿಲ್ಟರ್ ಕೂರೋದು ಅದರ ಮೇಲೆ. ಅದು ಫಿಲ್ಟರ್ ಜೊತೆ ಬಿಚ್ಚಿ ಬಂದಿಲ್ಲ ಅಂತಲೂ ನೋಡಿ. 1.8 ಎಂಜಿನ್ನಿನ ಕೆಲವು ಗಾಡಿಗಳಲ್ಲಿ ಫಿಲ್ಟರಿಗೂ ಬ್ಲಾಕಿಗೂ ನಡುವೆ ಕೂಲೆಂಟ್ ಹರಿಯುವ ಆಯಿಲ್ ಕೂಲರ್ ಇರುತ್ತೆ, ಅಂಥವರು ಅದೂ ಸಡಿಲವಾಗಿದೆಯಾ ನೋಡಬೇಕು. ನಿಮ್ಮ 1.6ಕ್ಕೆ ಆ ತಲೆನೋವು ಇಲ್ಲ.

ಹೊಸ ಫಿಲ್ಟರಿನ ಥ್ರೆಡ್ ಎಂ20 × 1.5, ಅಂದ್ರೆ 20 ಎಂಎಂ ಅಗಲ, 1.5 ಎಂಎಂ ಅಂತರದ್ದು ಇರಬೇಕು. ಥ್ರೆಡ್ ಒಂದೇ ಅಂತ ಬೇರೆ ಗಾಡಿಯದ್ದು ಹಾಕಬೇಡಿ, ರಿಂಗಿನ ಅಗಲವೂ ಹೊಂದಬೇಕು. ರಿಂಗಿಗೆ ಬೆರಳಿನಿಂದ ಹೊಸ ಆಯಿಲ್ ಸವರಿ. ಫಿಲ್ಟರಿಗೆ ಮೊದಲೇ ಆಯಿಲ್ ತುಂಬಿ ಅಂತ ಹೇಳೋರು ಇದ್ದಾರೆ. ಓರೆಯಲ್ಲಿ ತೂರಿಸುವಾಗ ಅರ್ಧ ಮೈಮೇಲೆ ಸುರಿಯುತ್ತೆ, ನಾನು ಅದನ್ನು ಬಿಟ್ಟು ವರ್ಷಗಳಾದವು. ಮೊದಲ ಎರಡು ಸುತ್ತು ಬರೀ ಬೆರಳ ತುದಿಯಿಂದ ಹಾಕಿ. ತಡೆ ಬಂದರೆ ಥ್ರೆಡ್ ಅಡ್ಡ ಹಿಡಿದಿದೆ ಅಂತ, ಬಿಚ್ಚಿ ಮತ್ತೆ ಶುರು ಮಾಡಿ. ರಿಂಗ್ ಬ್ಲಾಕಿಗೆ ತಾಗಿದ್ದು ಕೈಗೆ ಗೊತ್ತಾಗುತ್ತೆ. ಅಲ್ಲಿಂದ ಮುಕ್ಕಾಲು ಸುತ್ತು, ಹೆಚ್ಚೆಂದರೆ ಒಂದು. ಫಿಲ್ಟರ್ ಮೇಲೆ ಬೇರೆ ಲೆಕ್ಕ ಅಚ್ಚಾಗಿದ್ದರೆ ಅದನ್ನು ಪಾಲಿಸಿ. ಪಾನಾ ಹಾಕಿ ಬಿಗಿ ಮಾಡಬೇಡಿ. ಈಗ ನೀವು ಬಿಚ್ಚೋಕೆ ಪಡ್ತಿರೋ ಕಷ್ಟ, ಹಿಂದೆ ಯಾರೋ ಪಾನಾ ಹಾಕಿ ಬಿಗಿದದ್ದರ ಫಲ ಇರಬಹುದು.

ಆಯಿಲ್ ಇಳಿಸುವ ಬೋಲ್ಟಿಗೆ 19 ಎಂಎಂ ಪಾನಾ, ಹೊಸ ವಾಷರ್, 30ರಿಂದ 41 ನ್ಯೂಟನ್ ಮೀಟರ್ ಬಿಗಿ. ಜೋರಾಗಿ ಎಳೆಯಬೇಡಿ ಅಷ್ಟೇ.

ಫಿಲ್ಟರ್ ಸಮೇತ ನಿಮ್ಮ ಎಂಜಿನ್ನಿಗೆ ಸುಮಾರು ಮೂರೂವರೆ ಲೀಟರ್ ಹಿಡಿಯುತ್ತೆ. ಡಬ್ಬಿ ಪೂರ್ತಿ ಖಾಲಿ ಮಾಡಬೇಡಿ. ಮೂರು ಲೀಟರ್ ಹಾಕಿ, ಡಿಪ್‌ಸ್ಟಿಕ್ ನೋಡಿ, ಆಮೇಲೆ ಸ್ವಲ್ಪ ಸ್ವಲ್ಪವೇ ಸೇರಿಸಿ. ಆಯಿಲಿನ ಗ್ರೇಡ್ 5ಡಬ್ಲ್ಯೂ-30 ಅಥವಾ 10ಡಬ್ಲ್ಯೂ-30, ಯಾವುದಾದರೂ ಸರಿ.

ಸ್ಟಾರ್ಟ್ ಮಾಡಿದಾಗ ಆಕ್ಸಿಲರೇಟರ್ ಒತ್ತಬೇಡಿ, ಆಯಿಲ್ ಪ್ರೆಷರ್ ಮುಳ್ಳು ನೋಡ್ತಾ ಇರಿ. ನಿಮ್ಮದು 1991ರ ಗಾಡಿ ಆಗಿರೋದು ಅದೃಷ್ಟ. ಆ ಕಾಲದ ಗಾಡಿಗಳಲ್ಲಿ ಮೀಟರ್ ನಿಜವಾದ ಪ್ರೆಷರ್ ತೋರಿಸುತ್ತೆ. 1995ರಿಂದ ಬಂದದ್ದರಲ್ಲಿ ಮುಳ್ಳು ಇದ್ದರೂ ಅದು ಬರೀ ಸ್ವಿಚ್ಚು, ಸ್ವಲ್ಪ ಪ್ರೆಷರ್ ಬಂದರೂ ನಡುವೆ ಹೋಗಿ ನಿಂತುಬಿಡುತ್ತೆ. ನಿಮ್ಮ ಮುಳ್ಳು ಕೆಲವೇ ಸೆಕೆಂಡಿನಲ್ಲಿ ಏಳಬೇಕು. ಏಳದಿದ್ದರೆ ಆಫ್ ಮಾಡಿ. ಎದ್ದರೆ ಒಂದು ನಿಮಿಷ ಓಡಿಸಿ, ನಿಲ್ಲಿಸಿ, ಕೆಳಗೆ ಬಗ್ಗಿ ನೋಡಿ, ಐದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ಮತ್ತೆ ನೋಡಿ. ಫಿಲ್ಟರಿಗೆ ಆಯಿಲ್ ಹೋಗಿರುತ್ತೆ, ಮಟ್ಟ ಕೊಂಚ ಇಳಿದಿರುತ್ತೆ. ಮೊದಲ ಸ್ವಲ್ಪ ಹೊತ್ತು ಎಂಜಿನ್ ತಲೆಯಿಂದ ಟಿಕ್ ಟಿಕ್ ಶಬ್ದ ಬಂದರೆ ಹೆದರಬೇಡಿ. ಈ ಎಂಜಿನ್ನಿನ ವಾಲ್ವುಗಳ ಮೇಲೆ ಆಯಿಲ್ ತುಂಬಿಕೊಳ್ಳುವ ಲಿಫ್ಟರ್‌ಗಳಿವೆ, ಅವು ತುಂಬಿದ ಮೇಲೆ ಸುಮ್ಮನಾಗುತ್ತವೆ.

ಕೆಳಗೆ ಒಬ್ಬರು, "ಫಿಲ್ಟರನ್ನು ಇಲ್ಲಿಟ್ಟವರು ಒಮ್ಮೆಯಾದರೂ ಕೈ ಹಾಕಿ ನೋಡಿದ್ದಾರಾ" ಅಂತ ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ. ಟೊಯೋಟಾ 86 ಮತ್ತು ಸುಬಾರು ಬಿಆರ್‌ಝಡ್ ನೋಡಿದರೆ ಹೊಟ್ಟೆ ಉರಿಯುತ್ತೆ: ಬಾನೆಟ್ ತೆಗೆದರೆ ಫಿಲ್ಟರ್ ಎಂಜಿನ್ ಮೇಲೇ ನೆಟ್ಟಗೆ ನಿಂತಿರುತ್ತೆ. ಆದರೆ ಪೋರ್ಷೆ 993 ಇಟ್ಟವರಿಗೆ ಎರಡೆರಡು ಫಿಲ್ಟರ್ ಬದಲಾಯಿಸೋ ಭಾಗ್ಯ. 1972ರ ಪೋರ್ಷೆ 911ರಲ್ಲಂತೂ ಆಯಿಲ್ ಹಾಕುವ ಮುಚ್ಚಳವನ್ನು ಬಾಡಿಯ ಬಲ ಪಕ್ಕದಲ್ಲಿ, ಬಾಗಿಲಿನ ಹಿಂದೆ ಇಟ್ಟಿದ್ದರು. ಬಂಕಿನವರು ಪೆಟ್ರೋಲ್ ಮುಚ್ಚಳ ಅಂದ್ಕೊಂಡು ಅದಕ್ಕೇ ಪೆಟ್ರೋಲ್ ಹಾಕುತ್ತಿದ್ದರು. ಮರು ವರ್ಷವೇ ತೆಗೆದರು. ಅದಕ್ಕೆ ಹೋಲಿಸಿದರೆ ನಮ್ಮದು ಬರೀ ಮುಂಗೈ ತರಚೋ ಕಥೆ.

ರಾತ್ರಿ ಗಾಡಿ ಕೆಳಗೆ ಒಂದು ರಟ್ಟು ಹಾಸಿಡಿ, ಬೆಳಿಗ್ಗೆ ಕಲೆ ಇದೆಯಾ ನೋಡಿ. ಹಳೇ ಆಯಿಲ್ ಚರಂಡಿಗೆ ಬೇಡ, ಡಬ್ಬಿಗೆ ತುಂಬಿ ಹಳೇ ಆಯಿಲ್ ತಗೊಳ್ಳೋರಿಗೆ ಕೊಡಿ. ಆಯಿಲ್ ಬದಲಾಯಿಸಿದ ದಿನ, ಕಿಲೋಮೀಟರ್ ಬರೆದಿಡಿ. ಫಿಲ್ಟರ್ ಮೇಲೆ ಬರೀತಾರೆ ಕೆಲವರು, ಈ ಗಾಡಿಯಲ್ಲಿ ಅಲ್ಲಿ ಬರೆದರೆ ಓದೋರು ಯಾರೂ ಇಲ್ಲ. ಒಂದು ತುಂಡು ಟೇಪಿನ ಮೇಲೆ ಬರೆದು ಬಾನೆಟ್ ಒಳಬದಿಗೆ ಅಂಟಿಸಿ, ಜೊತೆಗೆ "ಫಿಲ್ಟರ್ ಬಲಗಡೆ" ಅಂತಲೂ ಸೇರಿಸಿ.